ಅಪ್ಪನ ಎರಡು ಸೀಟಿನ ಗಾಡಿ

ಪುಣೆಯ ಹಡಪಸರ ಅಂದರೆ ಈಗಿನವರಿಗೆ ಗಾಜಿನ ಆಫೀಸು, ಸಿಗ್ನಲ್ಲು, ಹಾರ್ನು. ನಾವಿದ್ದಾಗ, ಅಂದರೆ ತೊಂಬತ್ತರ ದಶಕದಲ್ಲಿ, ನಮ್ಮ ಓಣಿ ಮುಗಿದ ಕೂಡಲೇ ಕಬ್ಬಿನ ಹೊಲ ಶುರುವಾಗುತ್ತಿತ್ತು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಲಗೋರಿ ಆಡುವಾಗ ಜಗಳವೆಲ್ಲ ಮರಾಠಿಯಲ್ಲಿ, ಸೋತು ಅಳುತ್ತ ಬಂದು ದೂರು ಹೇಳುವುದು ಕನ್ನಡದಲ್ಲಿ. ಇದು ವಿಚಿತ್ರ ಅಂತ ನಮಗೆ ಯಾರಿಗೂ ಅನಿಸಿರಲಿಲ್ಲ.

ಅಪ್ಪ ಬಾಗಲಕೋಟೆ ಕಡೆಯವನು. ಹಡಪಸರದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ನಟ್ಟು, ಬೋಲ್ಟು, ಬೇರಿಂಗುಗಳನ್ನು ಎಣಿಸಿ ಡಬ್ಬಿಗೆ ಹಾಕಿ, ಡಬ್ಬಿಗೆ ಚೀಟಿ ಹಚ್ಚುವ ಕೆಲಸ. ಆ ಚಟ ಮನೆಗೂ ಬಂದಿತ್ತು. ತೊಗರಿಬೇಳೆ ಡಬ್ಬಿಗೆ ‘ತೊಗರಿಬೇಳೆ’ ಅಂತ ಚೀಟಿ. ಅಮ್ಮ ನಗುತ್ತಿದ್ದಳು: “ನನಗ ಕಣ್ಣು ಅದಾವ್ರಿ, ನೋಡಿದ್ರ ಗೊತ್ತಾಗ್ತದ.” ಇಷ್ಟೆಲ್ಲ ಸಾಮಾನಿನ ನಡುವೆ ಇದ್ದರೂ ಅಪ್ಪ ತನ್ನ ಜನ್ಮದಲ್ಲಿ ಒಂದು ಯಂತ್ರವನ್ನೂ ಬಿಚ್ಚಿ ಜೋಡಿಸಿದವನಲ್ಲ. ಸ್ಕೂಟರಿನ ಪ್ಲಗ್ಗು ಕೆಟ್ಟರೂ ಓಣಿ ಮೂಲೆಯ ಗ್ಯಾರೇಜಿನ ಶಿಂದೆ ಕಾಕಾನೇ ಬರಬೇಕು.

ಅಂಥ ಅಪ್ಪ, ನಾನು ಐದನೇ ಇಯತ್ತೆಯಲ್ಲಿದ್ದಾಗ, ಮಳೆಗಾಲ ಶುರುವಾಗುವ ಮೊದಲು ಒಂದು ಟೆಂಪೋದ ಹಿಂದೆ ಹಗ್ಗ ಕಟ್ಟಿ ಒಂದು ಗಾಡಿ ಎಳಕೊಂಡು ಬಂದ. ಹಳೇ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ತಲೆಯ ಮೇಲೆ ಟಪ್ಪು ಇಲ್ಲ, ಹಿಂದೆ ಸೀಟಿಲ್ಲ, ಮೂಗು ಇಷ್ಟುದ್ದ. ದಂಡಿನ ಪ್ರದೇಶವಾದ ಕ್ಯಾಂಪಿನಲ್ಲಿ ಒಬ್ಬ ಮುದುಕರು ಬಂಗಲೆ ಖಾಲಿ ಮಾಡುವಾಗ ಒಯ್ಯುವವರು ಒಯ್ಯಿರಿ ಅಂದಿದ್ದರಂತೆ. ಎಷ್ಟೋ ವರ್ಷ ಅದರಲ್ಲಿ ಕೋಳಿಗಳು ಸಂಸಾರ ಮಾಡಿದ್ದವು. ಶಿಂದೆ ಕಾಕಾ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಭಂಗಾರಾತ್ ದ್ಯಾ, ಸಾಹೇಬ್,” ಅಂದ. ಗುಜರಿಗೆ ಕೊಡಿ ಅಂತ. ಅಮ್ಮನ ಅಭಿಪ್ರಾಯವೂ ಅದೇ ಇತ್ತು. ಅಜ್ಜಿಯದು ಮಾತ್ರ ಬೇರೆ.

ಅಜ್ಜಿ, ಅಂದರೆ ಅಪ್ಪನ ಅವ್ವ, ನಮ್ಮ ಜೊತೆಗೇ ಇದ್ದಳು. ನಮ್ಮ ಮನೆದೇವರು ಜೇಜುರಿಯ ಖಂಡೋಬ. ಹಡಪಸರದಿಂದ ದಿವೆ ಘಾಟು ಹತ್ತಿ, ಸಾಸವಡ ದಾಟಿದರೆ ಜೇಜುರಿ. ಬಸ್ಸಿತ್ತು, ರೈಲಿತ್ತು. ಆದರೂ ಅಜ್ಜಿ ಪುಣೆಗೆ ಬಂದು ಒಂಬತ್ತು ವರ್ಷವಾದರೂ ಅಲ್ಲಿಗೆ ಹೋಗಿರಲಿಲ್ಲ. ಮಗನಿಗೆ ನೌಕರಿ ಸಿಕ್ಕ ದಿನ ಆಕೆ ಒಂದು ಹರಕೆ ಹೊತ್ತುಬಿಟ್ಟಿದ್ದಳು: ಮಗನ ಸ್ವಂತ ಗಾಡಿಯಲ್ಲೇ ನಿನ್ನ ದರ್ಶನಕ್ಕೆ ಬರ್ತೀನಿ, ಖಂಡೇರಾಯಾ.

“ಸ್ಕೂಟರ್ ಸ್ವಂತದ್ದ ಅಲ್ಲೇನು ಯವ್ವಾ? ನಡಿ ಹೋಗೂಣು,” ಅಂತ ಅಪ್ಪ ಎಷ್ಟು ಸಲ ಕರೆದಿದ್ದ.

“ಅದು ಗಾಡಿ ಏನೋ? ಎರಡು ಗಾಲಿದು ಸೈಕಲ್ಲು. ನಾಕು ಗಾಲಿ ಅಂತ ಹೇಳೀನಿ ನಾ ಅವಗ.”

ದೇವರಿಗೆ ಹೇಳುವಾಗ ಗಾಲಿಯ ಲೆಕ್ಕವನ್ನೂ ಹೇಳಿಟ್ಟವಳು ಅಜ್ಜಿ ಒಬ್ಬಳೇ ಇದ್ದಾಳು. ಈಗ ಅಂಗಳದಲ್ಲಿ ನಾಕು ಗಾಲಿ ಬಂದು ನಿಂತಿದ್ದವು, ನಾಲ್ಕರಲ್ಲೂ ಗಾಳಿಯಿಲ್ಲ ಅಷ್ಟೇ. ಅಪ್ಪ ಅವತ್ತೇ ಎಲ್ಲರೆದುರು ಮಾತು ಕೊಟ್ಟ: ಬರುವ ಚಂಪಾಷಷ್ಠಿಗೆ ಇದೇ ಗಾಡಿಯಲ್ಲಿ ಅಜ್ಜಿ ಜೇಜುರಿಗೆ. ಚಂಪಾಷಷ್ಠಿ ಖಂಡೋಬನ ದೊಡ್ಡ ದಿನ, ದೀಪಾವಳಿ ಆಗಿ ತಿಂಗಳಿಗೆ ಬರುತ್ತದೆ. ಅಜ್ಜಿ ಗಾಡಿಯ ಮೂಗಿಗೆ ಅರಿಷಿಣ ಹಚ್ಚಿ, “ಬಗ್ಗಿ ಹತ್ತಬೇಕಾಗ್ತದ, ಇರಲಿ,” ಅಂದಳು.

ಮನೆಮಾಲೀಕರ ಎಮ್ಮೆ ಶೆಡ್ಡು ಖಾಲಿಯಿತ್ತು. ಅಲ್ಲಿ ಕೆಲಸ ಶುರುವಾಯಿತು. ಬಿಚ್ಚುವ ವಿದ್ಯೆ ಗೊತ್ತಿಲ್ಲದ ಅಪ್ಪ ತನಗೆ ಗೊತ್ತಿದ್ದ ವಿದ್ಯೆಯನ್ನೇ ನಂಬಿದ. ಒಂದೊಂದು ಸಾಮಾನು ಬಿಚ್ಚುವುದು, ಸೀಮೆಎಣ್ಣೆಯಲ್ಲಿ ತೊಳೆಯುವುದು, ಎಣ್ಣೆ ಸವರುವುದು, ಚೀಟಿ ಕಟ್ಟಿ ಡಬ್ಬಿಗೆ ಹಾಕುವುದು. ಚೀಟಿ ಬರೆಯುವ ಕೆಲಸ ನನ್ನದು. ಅಕ್ಷರ ದುಂಡಗಿದ್ದವು ಅಂತ. ಎಲ್ಲ ಕನ್ನಡದಲ್ಲಿ: ‘ಎಡಗಡೆ, ಒಳಗಿಂದು, ೩’. ಕಾರ್ಖಾನೆಯ ಚೀಟಿಗಳೆಲ್ಲ ಇಂಗ್ಲಿಷಿನಲ್ಲಿದ್ದವು, ಇದು ನಮ್ಮ ಗಾಡಿ, ನಮ್ಮ ಭಾಷೆಯಲ್ಲಿರಲಿ ಅನ್ನುತ್ತಿದ್ದ ಅಪ್ಪ. ಹೊರಗೆ ಮಳೆ, ತಗಡಿನ ಮೇಲೆ ಅದರ ಗದ್ದಲ, ಒಳಗೆ ಸೀಮೆಎಣ್ಣೆ ಮತ್ತು ಹಳೇ ಸೆಗಣಿಯ ವಾಸನೆ. ಅಮ್ಮ ಅಲ್ಲಿಗೇ ರೊಟ್ಟಿ, ಶೇಂಗಾ ಚಟ್ನಿ ತಂದುಕೊಡುತ್ತಿದ್ದಳು. ಗ್ರೀಸಿನ ಕೈಯಲ್ಲೇ ತಿಂದರೆ ಬಯ್ಯುತ್ತಿದ್ದಳು. ನಮ್ಮ ಓಣಿಯ ಹುಡುಗಿಯರಲ್ಲಿ ನಾನೊಬ್ಬಳೇ ಕಾರ್ಬ್ಯುರೇಟರ್ ಅನ್ನುವ ಶಬ್ದವನ್ನು ತಡವರಿಸದೆ ಹೇಳುತ್ತಿದ್ದೆ. ಆ ಜಂಬ ಏನು ಕೇಳುತ್ತೀರಿ! ಶಿಂದೆ ಕಾಕಾನೂ ಸೋತು, ಭಾನುವಾರಕ್ಕೊಮ್ಮೆ ಬಂದು ಗಟ್ಟಿ ಹಿಡಿದ ಬೋಲ್ಟುಗಳನ್ನು ಬಿಚ್ಚಿಕೊಡುತ್ತಿದ್ದ. ದಸರೆಯ ಹೊತ್ತಿಗೆ ಶೆಡ್ಡಿನಲ್ಲಿ ನಲವತ್ತು ಡಬ್ಬಿಗಳಾಗಿದ್ದವು. ಇನ್ನು ತಿರುಗಿ ಜೋಡಿಸುವುದಷ್ಟೇ ಬಾಕಿ.

ಖಂಡೇನವಮಿ ಬಂತು. ದಸರೆಯ ಹಿಂದಿನ ದಿನ ನಮ್ಮಲ್ಲಿ ಕಬ್ಬಿಣ, ಹಿತ್ತಾಳೆಗೆಲ್ಲ ಪೂಜೆ. ಈಳಿಗೆ, ಕತ್ತರಿ, ಸುತ್ತಿಗೆ, ಸ್ಕೂಟರು ಎಲ್ಲವೂ ಮೈ ತೊಳಕೊಂಡು ಕುಂಕುಮ ಹಚ್ಚಿಕೊಳ್ಳುವ ದಿನ. ಅಪ್ಪ ಕಾರ್ಖಾನೆಯ ಪೂಜೆಗೆ ಹೋಗಿದ್ದ, ಅಮ್ಮ ಚೆಂಡು ಹೂವು ತರಲು ಮಂಡಿಗೆ. ಅಜ್ಜಿ ಹಿತ್ತಲಿನಲ್ಲಿ ಹುಣಸೆಹಣ್ಣು, ಬೂದಿ ಹಿಡಿದು ದೇವರ ಸಾಮಾನು ಬೆಳಗುತ್ತಿದ್ದಳು.

“ಅಜ್ಜೀ, ಗಾಡಿ ಸಾಮಾನು?”

“ಅವನ್ನ ಮುಟ್ಟಬ್ಯಾಡ ಗೀತವ್ವಾ. ಡಬ್ಬಿ ಮ್ಯಾಲೆ ಕುಂಕುಮ ಹಚ್ಚಿದ್ರ ಸಾಕು. ಉಳಿದದ್ದು ಅಂವ ಬಂದು ನೋಡ್ಕೋತಾನ.”

ಇಷ್ಟು ಹೇಳಿ, ಬೆಳಗಿ ದಣಿದ ಅಜ್ಜಿ ಊಟ ಮಾಡಿ ಅಡ್ಡಾದವಳು ಗಾಢ ನಿದ್ದೆಗೆ ಹೋದಳು. ನಾನು ಶೆಡ್ಡಿಗೆ ಹೋದೆ. ಈಳಿಗೆಗೆ ಸ್ನಾನ, ಗಾಡಿ ಸಾಮಾನಿಗೆ ಬರೀ ಕುಂಕುಮ? ಎಣ್ಣೆ ಮೆತ್ತಿದ ಕರೀ ಸಾಮಾನನ್ನು ದೇವರ ಮುಂದೆ ಇಡುವುದು ಹೇಗೆ? ನಲವತ್ತೂ ಡಬ್ಬಿಗಳನ್ನು ಒಂದು ಬಿದಿರು ಬುಟ್ಟಿಗೆ ಸುರಿದೆ. ಒದ್ದೆಯಾಗಬಾರದು ಅಂತ ಚೀಟಿಗಳನ್ನೆಲ್ಲ ಬಿಚ್ಚಿ ಒಂದು ಕಡೆ ಇಟ್ಟೆ, ಅಷ್ಟು ಜಾಣತನ ಇತ್ತು ನನ್ನಲ್ಲಿ. ಆಮೇಲೆ ಹುಣಸೆಹಣ್ಣು, ಬೂದಿ ಹಾಕಿ, ತೆಂಗಿನ ಜುಂಗಿನಿಂದ ಮೂರು ತಾಸು ತಿಕ್ಕಿದೆ. ಹಿತ್ತಾಳೆಯ ಸಾಮಾನು ಬಂಗಾರದ ಹಾಗೆ ಹೊಳೆದವು. ಕಾರ್ಬ್ಯುರೇಟರಿನೊಳಗಿನ ಎರಡು ತೆಳ್ಳನೆಯ ಸೂಜಿಗಳನ್ನಂತೂ ಇನ್ನಷ್ಟು ತೆಳ್ಳಗಾಗುವ ತನಕ ತಿಕ್ಕಿದೆ. ಎಲ್ಲವನ್ನೂ ದೇವರ ಮುಂದೆ ಸಾಲಾಗಿ ಜೋಡಿಸಿ, ಒಂದೊಂದಕ್ಕೂ ಕುಂಕುಮ ಇಟ್ಟೆ. ಅಪ್ಪ ನೋಡಿ ಕುಣಿಯುತ್ತಾನೆ ಅಂದುಕೊಂಡಿದ್ದೆ.

ಅಪ್ಪ ಕುಣಿಯಲಿಲ್ಲ. ಕಾರ್ಖಾನೆಯ ಪೇಢೆ ಪುಡಿಕೆ ಕೈಯಲ್ಲಿ ಹಿಡಿದವನು ದೇವರ ಮುಂದೆ ಹಾಗೇ ಕುಕ್ಕರುಗಾಲಲ್ಲಿ ಕೂತ. ಒಂದು ನಟ್ಟು ಎತ್ತಿ ನೋಡಿದ, ಇಟ್ಟ. ಇನ್ನೊಂದು ಎತ್ತಿದ. ಎರಡೂ ಒಂದೇ ತರಹ ಇದ್ದವು. ಆಗಲೇ ನನಗೂ ಹೊಳೆಯಿತು, ಚೀಟಿಯಿಲ್ಲದೆ ಯಾವುದು ಎಲ್ಲಿಯದು ಅಂತ ಗೊತ್ತಾಗುವುದಿಲ್ಲ.

“ಯಾರು ಮಾಡಿದ್ದು ಇದು?”

ಮಲಗಿದ್ದ ಅಜ್ಜಿ ಎದ್ದು ಬಂದು ಬಾಗಿಲಲ್ಲಿ ನಿಂತಿದ್ದಳು. ಸಾಲು ನೋಡಿದಳು, ನನ್ನ ಮುಖ ನೋಡಿದಳು.

“ನಾನ ತೊಳದೆ,” ಅಂದಳು. “ಹಬ್ಬ ಅಲ್ಲೇನು?”

ನಾನು ಹುಣಸೆಹುಳಿಗೆ ಬೆಳ್ಳಗಾಗಿ ಸುಕ್ಕುಗಟ್ಟಿದ್ದ ಬೆರಳುಗಳನ್ನು ಲಂಗದಲ್ಲಿ ಮುಚ್ಚಿಟ್ಟುಕೊಂಡೆ.

ಅಪ್ಪ ಕೂಗಾಡುವ ಪೈಕಿ ಅಲ್ಲ. ಅವನ ಸಿಟ್ಟು ಬಾಯಿ ಮುಚ್ಚುವ ಸಿಟ್ಟು. ಅವತ್ತಿನಿಂದ ಅಜ್ಜಿಯ ಜೊತೆ ಮಾತು ಬಿಟ್ಟ. ದಿನಾ ಸಂಜೆ ಚಪ್ಪಲಿ ಬಿಡುತ್ತಲೇ “ಯವ್ವಾ, ಚಾ,” ಅನ್ನುತ್ತಿದ್ದವನು ಈಗ ಸುಮ್ಮನೆ ಬಂದು ಕೂಡುತ್ತಿದ್ದ. ಅಜ್ಜಿ ಚಹಾ ತಂದಿಟ್ಟರೆ ಕುಡಿಯುತ್ತಿದ್ದ, ಮುಖ ಎತ್ತುತ್ತಿರಲಿಲ್ಲ. ದಸರೆಯ ದಿನ ಬನ್ನಿ ಕೊಟ್ಟು ಕಾಲಿಗೆ ನಮಸ್ಕಾರ ಮಾಡಿದ, ಆಗಲೂ ಮಾತಿಲ್ಲ.

ಎರಡನೇ ದಿನವೇ ನಾನು ಅಜ್ಜಿಯ ಸೆರಗು ಹಿಡಿದು ಅತ್ತೆ. “ನಾ ಹೇಳಿಬಿಡ್ತೀನಿ ಅಜ್ಜೀ.”

“ಸುಮ್ಮನ ಕೂಡು. ನನ್ನ ಮ್ಯಾಲೆ ಸಿಟ್ಟು ಎಷ್ಟು ದಿನ ಇದ್ದೀತು? ಹಡದ ತಾಯಿ ನಾ. ನಿನ್ನ ಮ್ಯಾಲೆ ಬಂತಂದ್ರ ಮತ್ತ ಆ ಸಾಮಾನಿಗೆ ನಿನ್ನ ಕೈ ಹಚ್ಚಗೊಡೂದಿಲ್ಲ ಅಂವ. ನಿನಗ ಅದು ಸೇರ್ತದಲ್ಲ?”

ಸೇರುತ್ತಿತ್ತು. ಭಾಳ ಸೇರುತ್ತಿತ್ತು. ಅದಕ್ಕೇ ಸುಮ್ಮನಾದೆ.

ಎಣ್ಣೆ ಹೋದ ಕಬ್ಬಿಣ ಒಂದೇ ರಾತ್ರಿಯಲ್ಲಿ ಕೆಂಪಗೆ ತುಕ್ಕು ಹಿಡಿದಿತ್ತು. ಅದನ್ನೆಲ್ಲ ಮತ್ತೆ ಸೀಮೆಎಣ್ಣೆಗೆ ಹಾಕಿದೆವು. ಯಾವುದು ಎಲ್ಲಿಯದು ಅಂತ ಅಪ್ಪನಿಗೆ ಗೊತ್ತಿರಲಿಲ್ಲ, ಚೀಟಿ ಇದೆಯಲ್ಲ ಅಂತ ಅವನು ನೆನಪಿಟ್ಟುಕೊಂಡಿರಲೇ ಇಲ್ಲ. ಬರೆದವಳು ನಾನು, ನನಗೆ ನೆನಪಿತ್ತು. ದೀಪಾವಳಿ ರಜೆಯ ತುಂಬ ಕಣ್ಣು ಮುಚ್ಚಿ ಒಂದೊಂದೇ ಡಬ್ಬಿಯನ್ನು ನೆನೆಸಿಕೊಂಡು ಹೇಳಿದೆ: ಇದು ಎಡಗಡೆಯದು, ಇದರ ಜೊತೆ ಎರಡು ವಾಷರ್ ಇದ್ದವು, ಇದಕ್ಕೆ ಒಂದು ಕಡೆ ಗೀರಿತ್ತು. ಓಣಿಯ ಹುಡುಗರು ಅಲ್ಲಿಯ ದೀಪಾವಳಿ ರೂಢಿಯಂತೆ ಮಣ್ಣಿನ ಕಿಲ್ಲೆ ಕಟ್ಟುತ್ತಿದ್ದರು, ನಾನು ಆ ಕಡೆ ಹಾಯಲಿಲ್ಲ. ಹಾಳಾದ ಸೂಜಿಗಳಿಗೆ ಅಪ್ಪ, ಶಿಂದೆ ಕಾಕಾ ಸೇರಿ ಹಳೇ ಸಾಮಾನಿನ ಜುನಾ ಬಾಜಾರ್ ಜಾಲಾಡಿದರು, ನಾಲ್ಕನೇ ಭಾನುವಾರ ಸಿಕ್ಕವು. ಚಂಪಾಷಷ್ಠಿ ಇನ್ನೂ ಒಂದು ವಾರ ಇರುವಾಗ ಇಂಜಿನ್ ಕೆಮ್ಮಿತು, ಸೀನಿತು, ಹೊಗೆ ಬಿಟ್ಟಿತು, ಕೊನೆಗೆ ಓಡಿತು. ಅಪ್ಪ ನನ್ನನ್ನು ಎತ್ತಿಕೊಂಡು ಶೆಡ್ಡು ತುಂಬ ತಿರುಗಿದ. “ನೀ ಇರಲಿಲ್ಲಂದ್ರ ಇದು ಆಗ್ತಿರಲಿಲ್ಲ,” ಅಂದ. ಶಿಂದೆ ಕಾಕಾ ಟೊಪ್ಪಿಗೆ ತೆಗೆದು ಗಾಡಿಗೆ ಸಲಾಮು ಹೊಡೆದ. ನಾನು ಮಾತ್ರ ಅಜ್ಜಿ ಎಲ್ಲಿದ್ದಾಳೆ ಅಂತ ನೋಡುತ್ತಿದ್ದೆ.

ಚಂಪಾಷಷ್ಠಿಯ ಬೆಳಿಗ್ಗೆ ಅಜ್ಜಿ ನಸುಕಿನಲ್ಲೇ ತಲೆ ತೊಳಕೊಂಡು, ಇಳಕಲ್ ಸೀರೆ ಉಟ್ಟು, ಚೀಲದಲ್ಲಿ ಖಂಡೋಬನಿಗೆ ಹಾರಿಸುವ ಭಂಡಾರದ ಅರಿಷಿಣಪುಡಿ ತುಂಬಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಅಪ್ಪ ಗಾಡಿ ಹೊರಗೆ ತೆಗೆದ.

“ಗೀತಾ, ಹತ್ತು.”

ಅಮ್ಮ ಮುಂದೆ ಬಂದಳು. “ಏನ್ರೀ ಇದು? ಅತ್ತಿಯವರು ತಯಾರಾಗಿ ಕೂತಾರ.”

“ಗಾಡಿ ಕಟ್ಟಿದವರು ಮೊದಲು. ಕೆಡಿಸಿದವರು ಮುಂದಿನ ವರ್ಷ.”

ಅಜ್ಜಿ ಭಂಡಾರದ ಚೀಲವನ್ನು ನನ್ನ ಕೈಗಿಟ್ಟು, “ನನ್ನ ಹೆಸರಲೆ ಹಾರಿಸು,” ಅಂದಳು. ಅಷ್ಟೆ.

ನಾನು ಹತ್ತಿದೆ. ಹತ್ತಬಾರದು ಅಂತ ಗೊತ್ತಿದ್ದೇ ಹತ್ತಿದೆ. ಆ ಸೀಟಿನಲ್ಲಿ ಕೂಡುವ ಆಸೆ ಅಷ್ಟಿತ್ತು. ಸುಳ್ಳು ಯಾಕೆ ಹೇಳಲಿ, ದಿವೆ ಘಾಟಿನ ತಿರುವುಗಳಲ್ಲಿ ಗಾಳಿ ಮುಖಕ್ಕೆ ಹೊಡೆಯುವಾಗ, ಕಬ್ಬಿನ ಗಾಡಿಯವರು ಬಾಯಿ ತೆರೆದು ನೋಡುವಾಗ ನಾನು ಅಜ್ಜಿಯನ್ನು ಮರೆತೇಬಿಟ್ಟಿದ್ದೆ. ಸಾಸವಡದಲ್ಲಿ ಅಪ್ಪ ಸೀತಾಫಲ ಕೊಡಿಸಿದ, ತಿಂದೆ.

ಜೇಜುರಿಯ ಗುಡ್ಡದ ಬುಡದಲ್ಲಿ ಗಾಡಿ ನಿಂತಿತು. ಮೆಟ್ಟಿಲುಗಳು ಹಳದಿ, ಇಳಿದು ಬರುವ ಜನರ ತಲೆ, ಹೆಗಲೆಲ್ಲ ಹಳದಿ. ನಮ್ಮ ಅಜ್ಜಿಯ ವಯಸ್ಸಿನ ಒಬ್ಬಾಕೆ ಮಗನ ಹೆಗಲ ಮೇಲೆ ಕೈಯಿಟ್ಟು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದಳು. ನಾನು ಇಳಿಯಲಿಲ್ಲ.

“ಅಪ್ಪಾ, ಅಜ್ಜಿ ತೊಳಿಲಿಲ್ಲ. ನಾ ತೊಳದೆ.”

ಅಪ್ಪನ ಕೈ ಸ್ಟೇರಿಂಗಿನ ಮೇಲೆ ಹಾಗೇ ಇತ್ತು. “ಅಕಿ ಮುಟ್ಟಲೇ ಇಲ್ಲಾ?”

“ಇಲ್ಲ. ಮುಟ್ಟಬ್ಯಾಡ ಅಂದಿದ್ದಳು.”

ಅಪ್ಪ ಗುಡ್ಡದ ಕಡೆ ತಿರುಗಿ ಕೂತಲ್ಲಿಂದಲೇ ಕೈ ಮುಗಿದ. ಆಮೇಲೆ, ಒಂದು ಮೆಟ್ಟಿಲೂ ಹತ್ತದೆ, ಗಾಡಿ ತಿರುಗಿಸಿದ. ದಾರಿಯುದ್ದಕ್ಕೂ ನನ್ನ ಕಡೆ ತಿರುಗಿ ನೋಡಲಿಲ್ಲ.

ಮನೆ ಮುಟ್ಟಿದಾಗ ಅಜ್ಜಿ ಒಲೆಯಲ್ಲಿ ಸುಟ್ಟ ಬದನೆಕಾಯಿಯ ಸಿಪ್ಪೆ ಬಿಡಿಸುತ್ತ ಕೂತಿದ್ದಳು. ಖಂಡೋಬನ ಹೆಸರಲ್ಲಿ ನಾಲ್ಕು ತಿಂಗಳು ಬದನೆಕಾಯಿ, ಉಳ್ಳಾಗಡ್ಡಿ ಬಿಟ್ಟವಳು ಅವತ್ತು ನೈವೇದ್ಯ ಮಾಡಿ ಉಣ್ಣಬೇಕಿತ್ತು. ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತ.

“ಯವ್ವಾ, ನಡಿ,” ಅಂದ.

ಅಜ್ಜಿ ನನ್ನ ಕಡೆ ನೋಡಿದಳು. ಖುಷಿಪಡುತ್ತಾಳೆ ಅಂದುಕೊಂಡರೆ ಗದರಿದಳು. “ಹೇಳಿಬಿಟ್ಟ್ಯಾ? ಹೊಟ್ಟಿನ್ಯಾಗ ಒಂದು ಮಾತು ನಿಲ್ಲಂಗಿಲ್ಲ ನೋಡು ನಿನಗ!” ಕೈ ತೊಳಕೊಂಡು, ಸೆರಗು ತಲೆಯ ಮೇಲೆ ಎಳಕೊಂಡು, ಬಗ್ಗಿ ಗಾಡಿ ಹತ್ತಿದಳು. ಬಿಚ್ಚದ ಭಂಡಾರದ ಚೀಲವನ್ನು ತಿರುಗಿ ಕೊಟ್ಟೆ. ಎರಡೇ ಸೀಟು, ನಾನು ಅಂಗಳದಲ್ಲಿ ನಿಂತೆ.

ಸಂಜೆ ಇಬ್ಬರೂ ಹಳದಿ ಕೂದಲಿನೊಂದಿಗೆ ಬಂದರು. “ದೇವರಿಗೆ ಏನಂದಿ ಅಜ್ಜೀ?” ಅಂತ ಕೇಳಿದೆ.

“ಎರಡು ಸಲ ಬಂದೈತಿ ಗಾಡಿ, ಹಾಜರಿ ಹಾಕ್ಕೊ ಅಂದೆ.”

ಅಪ್ಪ ನನಗೆ ಬಯ್ಯಲಿಲ್ಲ, ಹೊಡೆಯಲಿಲ್ಲ. ಆದರೆ ಮುಂದಿನ ಭಾನುವಾರ ಶೆಡ್ಡಿಗೆ ಕರೆಯಲೂ ಇಲ್ಲ. ಹೋದರೆ, “ಅಭ್ಯಾಸ ಮಾಡ್ಕೋ ಹೋಗು,” ಅನ್ನುತ್ತಿದ್ದ. ಚೀಟಿಗಳನ್ನು ತಾನೇ ಬರೆದುಕೊಂಡ, ಸೊಟ್ಟ ಅಕ್ಷರದಲ್ಲಿ. ಅಜ್ಜಿ ತನ್ನ ಮಗನನ್ನು ಸರಿಯಾಗಿಯೇ ಬಲ್ಲವಳಾಗಿದ್ದಳು. ಎಷ್ಟೋ ತಿಂಗಳ ಮೇಲೆ ಅವನು ಮೊದಲಿನ ಹಾಗಾದ, ಅಷ್ಟರಲ್ಲಿ ನಾನು ಶೆಡ್ಡಿನ ದಾರಿ ಬಿಟ್ಟಿದ್ದೆ. ಎರಡು ಸಾವಿರದ ಇಸವಿ ಬಂದ ಮೇಲೆ ಶೆಡ್ಡು ಕೆಡವಿ ಕಟ್ಟಡ ಎಬ್ಬಿಸಿದರು, ಗಾಡಿಯನ್ನು ಮುಂಬೈಯವರು ಯಾರೋ ಒಯ್ದರು.

ಗಾಡಿ ಹೋದದ್ದಕ್ಕೆ ನನಗೇನೂ ದುಃಖವಿಲ್ಲ. ಅಜ್ಜಿ ಹೋಗಿಯೂ ಬಹಳ ವರ್ಷಗಳಾದವು. ಐವತ್ತು ದಿನಕ್ಕೂ ಹೆಚ್ಚು ಕಾಲ ಆಕೆ ಮಗನ ಒಂದು ಮಾತಿಲ್ಲದೆ ಅದೇ ಮನೆಯಲ್ಲಿ ಓಡಾಡಿದಳು, ಹರಕೆಯ ಸೀಟನ್ನೂ ಬಿಟ್ಟುಕೊಟ್ಟಳು, ಒಂದು ಹುಡುಗಿಯ ಕೈಯಿಂದ ಬೋಲ್ಟು ಬಿಚ್ಚುವ ಪಾನಾ ಹೋಗಬಾರದು ಅಂತ. ಈಗ ನನಗೂ ಮಕ್ಕಳಿದ್ದಾರೆ. ಮನೆಯಲ್ಲಿ ಏನಾದರೂ ಒಡೆದ ಸಪ್ಪಳವಾದರೆ ನಾನು ಓಡಿಹೋಗಿ ಮೊದಲು ನೋಡುವುದು, ತಪ್ಪು ಯಾರದು ಅಂತ. ಅಜ್ಜಿಯ ಹಾಗೆ ‘ನಾನ ಒಡದೆ’ ಅನ್ನಲು ನನಗೆ ಇನ್ನೂ ಬಂದಿಲ್ಲ.