ಅಂಟಿಲ್ಲದ ಮುಖ

ನನ್ನ ಅಣ್ಣ ಮಾನಪ್ಪ ತೀರಿಕೊಂಡಾಗ ಸುರಪುರದ ಜನ ಅವನನ್ನು ‘ಬೋರ್ಡು ಬರೆಯುವ ಮಾನಪ್ಪ’ ಎಂದು ನೆನೆದರು. ನನಗೆ ಅದು ಸರಿಬರಲಿಲ್ಲ. ಅಣ್ಣ ಚಿತ್ರಗಾರ. ಬೋರ್ಡಿಗೆ ಇಳಿದದ್ದು ಚಿತ್ರ ಬರೆಯುವುದನ್ನು ಬಿಟ್ಟ ಮೇಲೆ, ಬಿಟ್ಟದ್ದಕ್ಕೆ ಅರ್ಧ ಕಾರಣ ನಾನೇ.

ಅವನ ಜೋಡಿ ಪಕ್ಕದ ಮನೆಯ ಮನ್ಸೂರಅಲಿ. ಅಣ್ಣ ಜನ, ಕುದುರೆ, ಗಿಡ ಬರೆದರೆ ಅವನು ಬಣ್ಣ ಅರೆದು, ಜಾಲಿಯ ಅಂಟು ಬೆರೆಸಿ ಕೊಡುತ್ತಿದ್ದ. ಅಂಟಿದ್ದರೇ ನೀರಿನ ಬಣ್ಣ ಕಾಗದವನ್ನು ಕಚ್ಚಿ ಹಿಡಿಯುವುದು. ಕೊನೆಯ ಕೈಯೂ ಅವನದೇ. ಚಿತ್ರ ಒಣಗಿದ ಮೇಲೆ ಕಾವಿಮಣ್ಣಿನ ತೆಳ್ಳನೆಯ ನೀರನ್ನು ಅಗಲ ಕುಂಚದಿಂದ ಇಡೀ ಚಿತ್ರದ ಮೇಲೆ ಎಳೆಯುತ್ತಿದ್ದ. ಅಲ್ಲಿಯವರೆಗೆ ಮುನಿಸಿಕೊಂಡ ಬೀಗರಂತೆ ಬೇರೆಬೇರೆ ಕುಳಿತಿದ್ದ ಬಣ್ಣಗಳೆಲ್ಲ ಒಂದೇ ಬಿಸಿಲಿಗೆ ಬರುತ್ತಿದ್ದವು.

“ನೀ ಮಂದೀನ ಕೂಡಸ್ತಿ, ನಾ ಅವ್ರನ್ನ ಮಾತಾಡಸ್ತೀನಿ,” ಎಂದು ಅಣ್ಣನನ್ನು ರೇಗಿಸುತ್ತಿದ್ದ.

ನಲವತ್ತೆಂಟರಲ್ಲಿ ಇಬ್ಬರೂ ಕೋಟೆ ಬಾಗಿಲ ಮುಂದಿನ ಸಂತೆಯ ಚಿತ್ರ ಬರೆಯಲು ಹಿಡಿದಿದ್ದರು. ನಡುವೆ ಮನ್ಸೂರಅಲಿ, ಹೈದರಾಬಾದಿನ ಅಕ್ಕನನ್ನು ನೋಡಿಕೊಂಡು ಎಂಟು ದಿನದಲ್ಲಿ ಬರುತ್ತೇನೆಂದು ಯಾದಗಿರಿಗೆ ಹೋಗಿ ರೈಲು ಹತ್ತಿದ. ಅವನಿಲ್ಲದಾಗ ಅಣ್ಣನಿಗೆ ಹುಡುಗಾಟ ಹೊಳೆಯಿತು. ಬಳೆಗಾರನ ಪಕ್ಕದಲ್ಲಿ ಗೆಳೆಯನ ಮುಖವನ್ನೇ ಬರೆದುಬಿಟ್ಟ, ಬಂದವನು ನೋಡಿ ಬೆರಗಾಗಲಿ ಎಂದು. ಆ ಬಣ್ಣವನ್ನು ತಾನೇ ಕಲಸಿಕೊಂಡಿದ್ದ.

ಆ ವಾರವೇ ಭಾರತದ ಸೈನ್ಯ ಬಂತು, ನಿಜಾಮನ ಆಳ್ವಿಕೆ ಮುಗಿಯಿತು. ಮನ್ಸೂರಅಲಿ ಅಕ್ಕನ ಮನೆ ಮುಟ್ಟಲಿಲ್ಲ, ತಿರುಗಿ ಊರಿಗೂ ಬರಲಿಲ್ಲ. ಅಣ್ಣ ಎಷ್ಟೋ ಸಲ ಯಾದಗಿರಿ ಸ್ಟೇಷನ್ನಿಗೆ ಹೋಗಿ ನಿಂತು ಬಂದ. ಯಾರನ್ನು ಏನೆಂದು ಕೇಳಬೇಕು ಎಂಬುದೇ ಅವನಿಗೆ ತಿಳಿಯುತ್ತಿರಲಿಲ್ಲ. ಚಿತ್ರ ಎಂಟು ವರ್ಷ ಹಾಗೆಯೇ ಗೋಡೆಯ ಮೇಲಿತ್ತು.

ಐವತ್ತಾರರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ಶಾಲೆಯಲ್ಲಿ ಪೇಡೆ ಹಂಚಿದರು. ಹೈದರಾಬಾದು ಬೇರೆ ರಾಜ್ಯಕ್ಕೆ ಹೋಯಿತು. ಮನ್ಸೂರಅಲಿಯ ತಾಯಿ ಹಜರಾಬೀಯನ್ನು ಮಗಳು ಅಲ್ಲಿಗೇ ಕರೆಸಿಕೊಂಡಳು. ಹೊರಡುವ ಮುಂಚೆ ಮುದುಕಿ ನಮ್ಮ ಮನೆಗೆ ಬಂದಳು.

“ಮಾನಪ್ಪ, ಅವನದೊಂದು ಫೋಟೋ ಸೈತ ನನ್ನ ಹಂತೇಕ ಇಲ್ಲ. ಆ ಚಿತ್ರ ಕೊಡ್ತಿ ಏನಪಾ?”

“ಕೊಡ್ತೀನಿ ಅಮ್ಮಾ. ಆದ್ರ ಅರ್ಧ ಆಗ್ಯಾದ್ರಿ. ಕಾವಿನೀರು ಎಳಿಯೋದು ಅವನ ಕೆಲಸ.”

ನಾನು ಸುಮ್ಮನಿರಬೇಕಿತ್ತು. “ಅವನ ಕೆಲಸ, ಅವನ ಕೆಲಸ! ಅವನ ಕೈ ಎಷ್ಟ ವರ್ಷ ನೋಡೀದಿ? ನೀನ ಎಳಿ. ಪೂರಾ ಮಾಡಿ ಕೊಡು,” ಎಂದು ಗದರಿಸಿದೆ.

ಅಣ್ಣ ಕಾವಿಮಣ್ಣು ಕದಡಿ, ಸೋಸಿ, ಕುಂಚ ಅದ್ದಿದ. ಕೋಟೆ ಕದಲಲಿಲ್ಲ. ಕುರಿಗಳು, ಬಳೆಗಾರ, ಹೆಂಗಸರ ಸೀರೆ, ಎಲ್ಲ ನಿಂತವು, ಎಲ್ಲದಕ್ಕೂ ಆ ಹಳೆಯ ಬಿಸಿಲು ಬಂತು. ಆಹಾ ಎನ್ನುವಷ್ಟರಲ್ಲಿ ಕುಂಚ ಮನ್ಸೂರಅಲಿಯ ಮುಖದ ಮೇಲೆ ಹಾಯಿತು. ಕಣ್ಣು, ಮೂಗು, ಮೀಸೆ ನೀರಿನ ಜೊತೆ ಹೊರಟುಬಿಟ್ಟವು. ಅಣ್ಣ ಬಟ್ಟೆ ಒತ್ತಿದ, ಬಟ್ಟೆಗೂ ಅಷ್ಟು ಬಣ್ಣ ಬಂತು.

“ಅಂಟು ಹಾಕಿಲ್ಲೋ,” ಎಂದ. “ದಿನಾ ಅವನ ಹಾಕ್ತಿದ್ದ. ನನಗ ಲಕ್ಷ್ಯಕ್ಕ ಬರಲಿಲ್ಲ.”

“ಬರದಾಂವ ನೀನ ಅಲ್ಲೇನು? ಮತ್ತ ಬರಿ,” ಎಂದೆ. ನನ್ನ ದನಿಯಲ್ಲಿ ಜೋರಿರಲಿಲ್ಲ.

ಎರಡು ದಿನ ಕುಳಿತ. ಬರೆದದ್ದೆಲ್ಲ ಯಾರದೋ ಮುಖವಾಯಿತು. ಎಂಟು ವರ್ಷ ದಿನವೂ ಚಿತ್ರವನ್ನೇ ನೋಡಿ ನೋಡಿ, ಮನುಷ್ಯನ ಮುಖ ಅವನಿಗೆ ಮರೆತೇ ಹೋಗಿತ್ತು. ಮೂರನೆಯ ದಿನ ಹಜರಾಬೀ ಗಂಟು ಕಟ್ಟಿಕೊಂಡು ಬಂದು ಬಾಗಿಲಲ್ಲಿ ನಿಂತಳು. ಅಣ್ಣ ನಡೆದದ್ದನ್ನೆಲ್ಲ ಹೇಳಿ, ಕುಂಚ ಹಿಡಿದುಕೊಂಡೇ ಅವಳ ಮುಂದೆ ಕುಳಿತ.

“ಅಮ್ಮಾ, ಹೆತ್ತಾಕಿ ನೀವು. ಅವನ ಮೂಗು ಹೆಂಗಿತ್ತು, ಹಣಿ ಹೆಂಗಿತ್ತು, ಒಂದೀಟು ಹೇಳ್ರಿ. ನೀವು ಹೇಳಿದಂಗ ಬರೀತೀನಿ.”

ಹಜರಾಬೀ ಗಂಟನ್ನು ಕೆಳಗಿಟ್ಟಳು.

“ನನಗೂ ನೆನಪಾಗವಲ್ದಪಾ,” ಎಂದಳು. “ಅದಕ್ಕ ನಿನ್ನ ಹಂತೇಕ ಬಂದಿದ್ದೆ.”