ಮದ್ದು ಮುಟ್ಟಿದ ಕೈ

ದೀಪಾವಳಿಯ ಬೆಳಿಗ್ಗೆ ಬೀದಿಯ ಮಕ್ಕಳು ಹಚ್ಚಿದ ಪಟಾಕಿಯ ಹೊಗೆ ಕಿಟಕಿಯಿಂದ ಒಳಗೆ ಬಂದಾಗ ಉಳಿದವರಿಗೆ ಹಬ್ಬ ನೆನಪಾಗಬಹುದು, ನನಗೆ ಮಾತ್ರ ನಮ್ಮ ತಾತನ ಅಂಗಿ ನೆನಪಾಗುತ್ತದೆ. ಭುಜದ ಹತ್ತಿರ ತೇಪೆ ಹಾಕಿದ, ಎರಡು ಜೇಬಿನ ಖಾಕಿ ಅಂಗಿ. ಬೀಡಿಯ ವಾಸನೆ, ಬೆವರಿನ ವಾಸನೆ, ಇವೆರಡನ್ನೂ ಹಿಂದಕ್ಕೆ ತಳ್ಳಿದ ಕೋವಿಮದ್ದಿನ ಘಾಟು ಅದರಲ್ಲಿ ಸೇರಿಕೊಂಡಿರುತ್ತಿದ್ದವು. ಆ ಅಂಗಿಗೆ ಮನೆಯೊಳಗೆ ಪ್ರವೇಶವಿರಲಿಲ್ಲ. ಹಿತ್ತಲ ಬಾಗಿಲ ಪಕ್ಕದ ಗೂಟಕ್ಕೆ ಅದನ್ನು ನೇತುಹಾಕಿ, ಬಚ್ಚಲಲ್ಲಿ ಎರಡು ಬಿಂದಿಗೆ ನೀರು ಸುರಿದುಕೊಂಡು, ಬೇರೆ ಪಂಚೆ ಉಟ್ಟುಕೊಂಡ ಮೇಲೆಯೇ ತಾತ ಒಳಗೆ ಬರಬೇಕಿತ್ತು. ಇದು ಅಜ್ಜಿಯ ಕಾನೂನು. ಅಂಥ ಕಾನೂನಿನ ಮನೆಯೊಂದು ನಿಮಗೂ ಇದ್ದಿದ್ದರೆ, ಅದನ್ನು ಶಪಿಸುತ್ತಲೇ ಬೆಳೆದು ಈಗ ಅದಕ್ಕಾಗಿ ಹಂಬಲಿಸುವವರಲ್ಲಿ ನೀವೂ ಒಬ್ಬರಾಗಿರುತ್ತೀರಿ.

ಅಪ್ಪನಿಗೆ ಚನ್ನಪಟ್ಟಣದಲ್ಲಿ ಮೇಷ್ಟರ ಕೆಲಸ. ದಸರಾ ರಜ ಬಂತೆಂದರೆ ನನ್ನನ್ನು ಕನಕಪುರಕ್ಕೆ ಕರೆದುಕೊಂಡು ಹೋಗಿ ಕೋಡಿಹಳ್ಳಿ ಕಡೆಯ ಬಸ್ಸು ಹತ್ತಿಸುತ್ತಿದ್ದರು. ತಾತ ಊರಿನ ಸ್ಟಾಪಿನಲ್ಲಿ ಬಸ್ಸಿಗೆ ಕಾದು ನಿಂತಿರುತ್ತಿದ್ದ. ಅದು ರೇಷ್ಮೆಗೂಡಿಗೆ ಬಂಗಾರದ ಬೆಲೆ ಬಂದಿದ್ದ ಕಾಲ. ರಾಗಿ ಬೆಳೆಯುತ್ತಿದ್ದ ಹೊಲಗಳು ಒಂದೊಂದಾಗಿ ಹಿಪ್ಪುನೇರಳೆ ತೋಟಗಳಾಗಿದ್ದವು. ರಾಮನಗರದ ಮಾರುಕಟ್ಟೆಗೆ ಗೂಡು ಹೊತ್ತು ಹೋದವರು ವಾಪಸು ಬರುವಾಗ ರೇಡಿಯೋ ತರುತ್ತಿದ್ದರು, ಸೈಕಲ್ಲು ತರುತ್ತಿದ್ದರು, ಒಬ್ಬ ಪುಣ್ಯಾತ್ಮ ಕರೆಂಟೇ ಇಲ್ಲದ ಮನೆಗೆ ಫ್ಯಾನು ತಂದಿದ್ದ. ನಮ್ಮ ಮನೆಯ ನಡುಮನೆಯೇ ಹುಳುಮನೆಯಾಗಿತ್ತು. ಬಿದಿರಿನ ತಟ್ಟೆಗಳನ್ನು ಸೂರಿನವರೆಗೆ ಒಂದರ ಮೇಲೊಂದು ಜೋಡಿಸಿ, ಇರುವೆ ಹತ್ತದಂತೆ ಅವುಗಳ ಕಾಲಡಿಗೆ ನೀರಿನ ಬಟ್ಟಲಿಟ್ಟಿದ್ದರು. ನಾವು ಮನುಷ್ಯರು ಜಗುಲಿಯಲ್ಲಿ, ಅಡುಗೆಮನೆಯಲ್ಲಿ, ಮಿಕ್ಕಿದ ಮೂಲೆಗಳಲ್ಲಿ ಮಲಗುತ್ತಿದ್ದೆವು. ಘಾಟು ವಾಸನೆ ಹುಳುವಿಗೆ ಆಗದೆಂದು, ಅವು ಮನೆಯಲ್ಲಿದ್ದಷ್ಟು ದಿನ ಒಗ್ಗರಣೆಯಿಲ್ಲ, ಬೀಡಿಯಿಲ್ಲ, ಬಾಡೂಟವಿಲ್ಲ. ನಮ್ಮ ಸಾರು ಸಪ್ಪೆ, ಹುಳುಗಳಿಗೆ ಮಾತ್ರ ದಿನಕ್ಕೆ ನಾಲ್ಕು ಹೊತ್ತು ಎಳೆಸೊಪ್ಪಿನ ಊಟ. ಮನೆಗೆ ಬಂದ ಅಳಿಯನಿಗೂ ಅಜ್ಜಿ ಅಷ್ಟು ಉಪಚಾರ ಮಾಡಿದ್ದನ್ನು ನಾನು ಕಾಣೆ.

ಹಿಪ್ಪುನೇರಳೆ ಸೊಪ್ಪಿನ ತೋಟವಾಗದೆ ಉಳಿದದ್ದು ಬೆಟ್ಟದ ಬುಡದ ಒಂದು ಹೊಲ. ಅದನ್ನು ತಾತ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಅಲ್ಲಿ ಹುರುಳಿ ಬಿತ್ತುತ್ತಿದ್ದ. ಬಿತ್ತಿದ ಮರುದಿನವೇ ಬಂಡೆಯ ಸಂದುಗಳಿಂದ ಪಾರಿವಾಳಗಳು ಹಿಂಡುಹಿಂಡಾಗಿ ಇಳಿದು, ಮಣ್ಣು ಕೆದಕಿ ಕಾಳು ಆರಿಸಿಕೊಂಡು ಹೋಗುತ್ತಿದ್ದವು. ಅವನ್ನು ಹೊಡೆಯಲೆಂದು ತಾತನ ಹತ್ತಿರ ಕೇಪಿನ ಕೋವಿಯಿತ್ತು, ಬೆಳೆ ಕಾಯುವುದಕ್ಕೆ ಕೊಟ್ಟಿದ್ದ ಲೈಸೆನ್ಸೂ ಇತ್ತು. ನಳಿಗೆಯ ಬಾಯಿಂದ ಮದ್ದು ಸುರಿದು, ಚಿಂದಿ ತುರುಕಿ, ಸೀಸದ ಚರೆ ಹಾಕಿ, ಗಜವೆಂಬ ಕಬ್ಬಿಣದ ಕಡ್ಡಿಯಿಂದ ಗಿಡಿದು ತುಂಬುವ ಹಳೆಯ ಕೋವಿ. ಒಂದು ಈಡು ಹಾರಿದರೆ ಇನ್ನೊಂದು ತುಂಬುವಷ್ಟರಲ್ಲಿ ಹಿಂಡು ಬೆಟ್ಟ ದಾಟಿರುತ್ತಿತ್ತು. ಆದ್ದರಿಂದ ಹಕ್ಕಿಗಳ ಹಿಂದೆ ಓಡುವುದು ದಂಡ, ಅವನ್ನೇ ಕರೆಸಿಕೊಳ್ಳಬೇಕು. ಹಾಗೆ ಕರೆಯುವ ಸಾಕಿದ ಹಕ್ಕಿಗೆ ದೀಮದ ಹಕ್ಕಿ ಅನ್ನುತ್ತಾರೆ. ನಮ್ಮ ದೀಮದ ಹಕ್ಕಿಯ ಹೆಸರು ಬೂದಕ್ಕ.

ಬೂದಕ್ಕ ರೆಕ್ಕೆ ಬಲಿಯುವ ಮೊದಲೇ ಬಂಡೆ ಸಂದಿನಿಂದ ಬಿದ್ದವಳು. ತಾತ ಅವಳನ್ನು ಟವಲಿನಲ್ಲಿ ಸುತ್ತಿ ತಂದಾಗ ಅಜ್ಜಿ ಬೈದಳು. ಬೈಯುತ್ತಲೇ ಹುರುಳಿಯನ್ನು ಬಾಯಲ್ಲಿ ಅಗಿದು, ತುಟಿ ಸಂದಿಯಲ್ಲಿ ಹಿಡಿದು ತಿನ್ನಿಸಿದಳು. ಹಾಗೆ ಬೆಳೆದ ಹಕ್ಕಿಗೆ ತಾತನಿಗಿಂತ ಅಜ್ಜಿಯ ಮೇಲೆ ಪ್ರಾಣ. ಸಂಜೆ ಜಗುಲಿಯಲ್ಲಿ ಅಜ್ಜಿ ಕಾಲು ಚಾಚಿ ಕೂತರೆ ಅದು ಅವಳ ಮೊಣಕಾಲಿನ ಮೇಲೆ ಹತ್ತಿ ಕೂತು ಮುಖವನ್ನೇ ನೋಡುತ್ತಿತ್ತು. ಸಣಬಿನ ಹುರಿ ಕಾಲು ಕೊಯ್ಯುತ್ತದೆಂದು ಅಜ್ಜಿಯೇ ಅದಕ್ಕೊಂದು ದಾರ ಹೊಸೆದುಕೊಟ್ಟಿದ್ದಳು. ಎರಡು ಹುಳು ಸೇರಿ ಕಟ್ಟಿದ, ಮಾರಾಟಕ್ಕೆ ಬಾರದ ಜೋಡಿಗೂಡುಗಳನ್ನು ಬೇಯಿಸಿ, ಎಳೆ ತೆಗೆದು, ತೊಡೆಯ ಮೇಲೆ ಹೊಸೆದ ರೇಷ್ಮೆ ದಾರ. "ಕಟ್ಟಾಕೋದೇ ಆದ್ರೆ ಮೆತ್ತಗೆ ಕಟ್ಟಾಕು. ಅದ್ರ ನೆಂಟ್ರುನ್ನೇ ಅದ್ರ ಕೈಲಿ ಕರ್ಸಿ ಹೊಡೀತೀಯಲ್ಲ, ನಿಂಗೆ ಒಳ್ಳೇದಾದದಾ?" ಎನ್ನುತ್ತಿದ್ದಳು. ತಾತ ದಾರವನ್ನು ಜೋಪಾನವಾಗಿ ಜೇಬಿಗಿಟ್ಟುಕೊಳ್ಳುತ್ತಿದ್ದ.

ನಾನು ಹೇಳಹೊರಟಿರುವ ವರ್ಷ ನಾನು ಹತ್ತು ತುಂಬಿದ ಹುಡುಗಿ. ಹೊಲದ ನಡುವೆ ತಾತ ಕೈಗೆ ಸಿಕ್ಕಿದ ಹಿಪ್ಪುನೇರಳೆಯ ಕವಲುಕೋಲೊಂದನ್ನು ನೆಟ್ಟು ಅದರ ಮೇಲೆ ಬೂದಕ್ಕನನ್ನು ಕೂರಿಸಿದ. ಕಾಲಿನ ದಾರ ಕವಲಿನ ಮೇಲಿಂದ ಹಾದು, ಲಂಟಾನದ ಕೊಂಬೆಗಳ ಮರೆಯಲ್ಲಿ ಕೂತ ನನ್ನ ಬೆರಳಿಗೆ ಬರುತ್ತಿತ್ತು. ಆಕಾಶದಲ್ಲಿ ಹಿಂಡು ಕಂಡೊಡನೆ ನಾನು ದಾರವನ್ನು ಮೆಲ್ಲಗೆ ಜಗ್ಗಬೇಕು. ಬೂದಕ್ಕ ಬೀಳುವಂತಾಗಿ ರೆಕ್ಕೆ ಬಡಿಯುತ್ತಾಳೆ, ರೆಕ್ಕೆಯಡಿಯ ಬಿಳುಪು ಮೇಲಿನವರಿಗೆ ಕಾಣುತ್ತದೆ, ಕೆಳಗೆ ನಮ್ಮವಳೊಬ್ಬಳು ಮೇಯುತ್ತಿದ್ದಾಳೆ ಎಂದುಕೊಂಡು ಅವು ಬಂದಿಳಿಯುತ್ತವೆ. ತಾತ ಕೂಡಲೇ ಹೊಡೆಯುತ್ತಿರಲಿಲ್ಲ. ಹಿಂಡು ಬೂದಕ್ಕನಿಂದ ದೂರ ಸರಿಯುವವರೆಗೆ ಉಸಿರು ಬಿಗಿಹಿಡಿದು ಕಾಯುತ್ತಿದ್ದ. ಕೆಲವು ಸಲ ಅವು ಸರಿಯುತ್ತಲೇ ಇರಲಿಲ್ಲ, ಹೊಟ್ಟೆ ತುಂಬ ಕಾಳು ತಿಂದು ಹಾರಿ ಹೋಗುತ್ತಿದ್ದವು. "ಹೋಗ್ಲಿ ಬುಡು ಮಗ, ನಮ್ಮವ್ಳಿಗೆ ಚರೆ ತಗುಲಿದ್ರೆ ನಿಮ್ಮಜ್ಜಿ ನನ್ನ ಉಳ್ಸಕಿಲ್ಲ" ಎಂದು ತಾತ ಬೀಡಿ ಹಚ್ಚುತ್ತಿದ್ದ. ಬಿದ್ದ ಹಕ್ಕಿಗಳನ್ನು ಹೊಂಗೆಮರದ ಕೆಳಗೆ ಮೂರು ಕಲ್ಲು ಹೂಡಿ ಬೇಯಿಸಿಕೊಂಡು ನಾವಿಬ್ಬರೇ ತಿನ್ನುತ್ತಿದ್ದೆವು. ಅಜ್ಜಿ ಆ ಕಡೆ ತಲೆಯೂ ಹಾಕುತ್ತಿರಲಿಲ್ಲ.

ಆ ರಜದಲ್ಲಿ ಜಡಿಮಳೆ ಹಿಡಿದು ನಾಲ್ಕು ದಿನ ಬಿಡಲಿಲ್ಲ. ಮಳೆ ನಿಂತ ಮೇಲೆ ಹೊಲಕ್ಕೆ ಹೋದರೆ ಬೂದಕ್ಕನ ಕೋಲು ಚಿಗುರಿತ್ತು. ಅಜ್ಜಿಗೆ ಹೇಳಿದಾಗ, "ನೋಡು, ಹೊಲವೇ ಸೊಪ್ಪಾಯ್ತೀನಿ ಅಂತೈತೆ" ಎಂದು ನಕ್ಕಳು. ತಾತ ನಗಲಿಲ್ಲ. ಆ ದಿನ ಅವನು ಮೊದಲ ಸಲ ನಳಿಗೆಗೆ ಮದ್ದು ಸುರಿಯುವ ಕೆಲಸವನ್ನು ನನಗೆ ಕೊಟ್ಟ. ನನ್ನ ಅಂಗೈಯೆಲ್ಲ ಕಪ್ಪಾಯಿತು. ಅದೊಂದು ದೊಡ್ಡ ಬಿರುದು ಎಂಬಂತೆ ಕೈಯನ್ನು ಆಗಾಗ ಮೂಸಿಕೊಳ್ಳುತ್ತ ಮಧ್ಯಾಹ್ನ ಒಬ್ಬಳೇ ಮನೆಗೆ ಬಂದೆ. ಅಜ್ಜಿ ಸೊಪ್ಪು ತರಲು ತೋಟಕ್ಕೆ ಹೋಗಿದ್ದಳು. ಹುಳುಮನೆಯ ಹೊಸಿಲಿನೊಳಗೆ ಒಂದು ಹುಳು ಬಿದ್ದಿತ್ತು. ಇರುವೆಗಳು ಅದನ್ನು ಸುತ್ತಿಕೊಂಡಿದ್ದವು, ಹುಳು ತಲೆಯೆತ್ತಿ ಒದ್ದಾಡುತ್ತಿತ್ತು. ಕೈ ತೊಳೆಯಬೇಕೆಂಬುದು ನನಗೆ ಮರೆತಿರಲಿಲ್ಲ. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಅದು ಸತ್ತೇಹೋದೀತೆಂದು ಅನ್ನಿಸಿತು. ಎತ್ತಿಕೊಂಡೆ, ಇರುವೆ ಕೊಡವಿದೆ, ಕೆಳಗಿನ ತಟ್ಟೆಗೆ ಬಿಟ್ಟೆ. ಅಲ್ಲಿ ಸೊಪ್ಪು ಮುಗಿದು ಎಲ್ಲ ಹುಳುಗಳೂ ತಲೆಯೆತ್ತಿ ಕಾಯುತ್ತಿದ್ದವು. ಮೂಲೆಯಲ್ಲಿದ್ದ ಎರಡು ಹಿಡಿ ಸೊಪ್ಪನ್ನು ಅದೇ ಕೈಯಿಂದ ಹರಡಿದೆ.

ಮೂರನೆಯ ದಿನ ಆ ತಟ್ಟೆಯ ಹುಳುಗಳು ಒಂದೊಂದಾಗಿ ಸೆಟೆದುಕೊಂಡವು. ಸಂಜೆಯ ಹೊತ್ತಿಗೆ ಸುಣ್ಣದಕಡ್ಡಿಯ ಹಾಗೆ ಬೆಳ್ಳಗಾಗಿ ಗಟ್ಟಿಯಾದವು. ಮರುದಿನ ಅದರ ಮೇಲಿನ ತಟ್ಟೆಯದೂ ಅದೇ ಗತಿ. ಅವು ಹಣ್ಣಾಗಿ ಗೂಡು ಕಟ್ಟಲು ಇನ್ನು ಎರಡೇ ದಿನ ಬಾಕಿಯಿತ್ತು. ಅಜ್ಜಿ ಒಂದೊಂದೇ ತಟ್ಟೆ ಹೊರಗೆ ಸಾಗಿಸುತ್ತಿದ್ದುದನ್ನು ನೋಡಿದೆ. ಹೊಲಕ್ಕೆ ಓಡಿಹೋಗಿ ತಾತನ ಮುಂದೆ ಅತ್ತೆ, ನಡೆದದ್ದನ್ನೆಲ್ಲ ಹೇಳಿದೆ. ಹುಳುವಿನ ವಿಷಯದಲ್ಲಿ ತಾತ ನನ್ನಷ್ಟೇ ದಡ್ಡ. ಅವನೂ ಮದ್ದೇ ಕೊಂದಿತೆಂದು ನಂಬಿದ. ಟವಲಿನಿಂದ ನನ್ನ ಮೂಗು ಒರೆಸಿ, "ನೀನು ಬಾಯಿ ಬುಡಬ್ಯಾಡ" ಎಂದ.

ಮನೆಗೆ ಬಂದು ಅಂಗಳದಲ್ಲಿ ನಿಂತು ಅಜ್ಜಿಗೆ ಹೇಳಿದ. "ನಾನೇ ಕಣೆ. ಬೆಂಕಿಪೊಟ್ಣ ಹುಡುಕ್ತಾ ಒಳೀಕೆ ಬಂದಿದ್ದೆ. ಸೊಪ್ಪಿಲ್ಲ ಅಂತ ಹಂಗೇ ಒಸಿ ಹಾಕ್ದೆ. ಕೈ ತೊಳ್ದಿರ್ನಿಲ್ಲ."

ಅಜ್ಜಿ ಕೈಯಲ್ಲಿದ್ದ ತಟ್ಟೆ ನೋಡಿದಳು, ತಾತನ ಮುಖ ನೋಡಿದಳು, ಆಮೇಲೆ ಅವನ ಹಿಂದೆ ನಿಂತಿದ್ದ ನನ್ನ ಕೈಗಳನ್ನು ನೋಡಿದಳು. ಬೈಗುಳದ ಮಳೆ ಸುರಿಯುತ್ತದೆಂದು ಕಾದೆ. "ಇನ್ಮೇಲೆ ಆ ಕೋವಿ ಮುಟ್ಬ್ಯಾಡ" ಎಂದಳು ಅಷ್ಟೆ. ತಾತ "ಆಯ್ತು" ಎಂದ. ಜೇಬಿನಿಂದ ರೇಷ್ಮೆ ದಾರ ತೆಗೆದು ಅವಳ ಕೈಗೆ ಕೊಟ್ಟು ಬಚ್ಚಲಿಗೆ ಹೋದ. ನಲವತ್ತು ವರ್ಷ ಹೆಗಲ ಮೇಲಿದ್ದ ಕೋವಿ ಅಷ್ಟು ಸುಲಭವಾಗಿ ಕೆಳಗಿಳಿಯಿತು. ನಾನು ಕಂಬದ ಹಿಂದೆ ನಿಂತು ನೋಡಿದೆ, ಬಾಯಿ ಬಿಡಲಿಲ್ಲ.

ಮರುವರ್ಷ ಹೋದಾಗ ಕೋವಿಯನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿಯಾಗಿತ್ತು. ಹುರುಳಿ ಹೊಲ ಹಿಪ್ಪುನೇರಳೆಯ ತೋಟವಾಗಿತ್ತು. ಸೊಪ್ಪು ಕೊಯ್ಯುವ ಆಳುಗಳು ಎಲ್ಲ ಗಿಡಗಳನ್ನೂ ಬುಡಕ್ಕೆ ಕೊಯ್ಯುವಾಗ ಬೂದಕ್ಕನ ಕೋಲಿಗೆ ಮಾತ್ರ ತಾತ ಕುಡುಗೋಲು ತಾಗಿಸಲು ಬಿಡಲಿಲ್ಲ. ಅದು ಆಳೆತ್ತರ ಬೆಳೆದಿತ್ತು. ಬೂದಕ್ಕನ ಕಾಲಿಗೆ ಈಗ ದಾರವಿರಲಿಲ್ಲ, ಎಲ್ಲಿಗೆ ಬೇಕಾದರೂ ಹಾರಬಹುದಿತ್ತು. ಅವಳು ಮಾತ್ರ ಬೆಳಿಗ್ಗೆ ತಾತನ ಹಿಂದೆಯೇ ಹೊಲಕ್ಕೆ ಹೋಗಿ ಆ ಗಿಡದ ಕವಲಿನ ಮೇಲೆ ಕೂರುತ್ತಿದ್ದಳು, ಕೂತು ಕರೆಯುತ್ತಿದ್ದಳು. ಕಾಳಿಲ್ಲದ ತೋಟಕ್ಕೆ ಯಾವ ಪಾರಿವಾಳ ಬಂದೀತು? ಹಿಂಡು ಮೇಲಿಂದಲೇ ಹಾದುಹೋಗುತ್ತಿತ್ತು. ತಾತ ಗಿಡದ ಕೆಳಗೆ ಬರಿಗೈಯಲ್ಲಿ ಕೂತು ಮೇಲೆ ನೋಡುತ್ತಿದ್ದ. ನಾನು ಪಕ್ಕದಲ್ಲಿ ಕೂತರೆ ತಲೆ ಸವರುತ್ತಿದ್ದ. ತಪ್ಪನ್ನು ಒಪ್ಪಿಕೊಳ್ಳಬೇಕೆಂದು ಪ್ರತಿ ರಜದಲ್ಲೂ ಅಂದುಕೊಂಡೆ, ಪ್ರತಿ ರಜವೂ ಮುಗಿಯಿತು. ನಾನು ಹೈಸ್ಕೂಲಿಗೆ ಸೇರಿದ ವರ್ಷ ಬೂದಕ್ಕ ತೀರಿಹೋದಳು, ಎರಡು ವರ್ಷಕ್ಕೆ ತಾತನೂ ಹೋದ.

ಕೊನೆಗೂ ಅಜ್ಜಿಗೆ ಹೇಳಿದ್ದು ನನ್ನ ಮದುವೆಯಾದ ಮೇಲೆ. ಜಗುಲಿಯಲ್ಲಿ ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದೆವು. ತಲೆಯೆತ್ತದೆ, ಆ ಕೈ ನನ್ನದು, ತಾತನದಲ್ಲ ಎಂದೆ. ಅಜ್ಜಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಕಣವ್ವ. ನಿನ್ ಉಗುರಲ್ಲಿ ಕರಿ ಇನ್ನೂ ಇತ್ತು. ಹುಳ ಸತ್ತಿದ್ದು ಮದ್ದಿಂದಲ್ಲ, ಅದು ಸುಣ್ಣಕಟ್ಟು ರೋಗ. ಜಡಿ ಹಿಡ್ದು ಥಂಡಿಯಾದ್ರೆ ಬತ್ತದೆ. ಆ ವಾರ ಊರಲ್ಲಿ ಇನ್ನೂ ಮೂರ್ನಾಕು ಮನೇಲಿ ತಟ್ಟೆ ಸುಟ್ರು, ಹುಳದ್ ಸುದ್ದಿ ನಿಮ್ತಾತಂಗೆಲ್ಲಿ ಗೊತ್ತಾಯ್ತಿತ್ತು."

ನನ್ನ ಕೈಯ ಕಾಯಿ ಕೈಯಲ್ಲೇ ಉಳಿಯಿತು. ಗೊತ್ತಿದ್ದೂ ತಾತನ ಕೋವಿ ಯಾಕೆ ಇಡಿಸಿದೆ ಎಂದು ಕೇಳಿದೆ. ಕೈಯಲ್ಲಿದ್ದ ಕಾಯಿಯನ್ನು ಸುಲಿದು ಕಾಳನ್ನು ಮೊರಕ್ಕೆ ಹಾಕಿದಳು. ಆಮೇಲೆ ಹೇಳಿದಳು. "ಆ ಹಕ್ಕಿ ಸಂಜೆ ಬಂದು ನನ್ ಮೊಕ ನೋಡ್ತಿತ್ತು. ನಂಗೆ ತಡ್ಯಕ್ಕಾಯ್ತಿರ್ನಿಲ್ಲ. ಅದಾಗೇ ಒಂದು ನೆಪ ಸಿಕ್ತು, ಹಿಡ್ಕಂಡೆ. ಮುಂದಿನ್ ಬಿತ್ನೆಗೆ ನಿಜ ಹೇಳಿ ಕೋವಿ ಕೊಡಾಣ ಅಂತಿದ್ದೆ. ಅಷ್ಟ್ರಲ್ಲಿ ನಿಮ್ತಾತ ತಾನೇ ಹೋಗಿ ಕೋವಿ ಕೊಟ್ಬುಟ್ಟು ಬಂತು, ಹೊಲ್ದಗೆ ಸೊಪ್ಪಿನ್ ಕಡ್ಡಿ ನೆಟ್ಬುಡ್ತು. ನನ್ ಹುಳ ತಾನೇ ಕೊಂದೆ ಅಂತ, ಅದುಕ್ಕೆ ಬದ್ಲು. ಇನ್ಯಾವ್ ಬಾಯಲ್ಲಿ ಹೇಳ್ಲಿ?" ಸೆರಗಿನಿಂದ ಕಣ್ಣೊರೆಸಿಕೊಂಡು ಮೊರವನ್ನು ನನ್ನ ಕಡೆ ತಳ್ಳಿದಳು. "ನಿಮ್ತಾತ ಬರಿಗೈಲಿ ಹೋಗಿ ಕೂತ್ಕತಿತ್ತು. ನೋಡ್ತಾನೇ ಇದ್ದೆ."

ಆ ಮನೆ ಈಗಿಲ್ಲ. ಅಜ್ಜಿಯೂ ಇಲ್ಲ. ಹೊಲ ಯಾರದೋ ಹೆಸರಿನಲ್ಲಿದೆ. ಬೂದಕ್ಕನ ಮರವೂ ಹೋಯಿತೆಂದು ಆ ಕಡೆಯಿಂದ ಬಂದವರು ಹೇಳಿದರು, ಹೋಗಿ ನೋಡುವ ಧೈರ್ಯ ನನಗಾಗಲಿಲ್ಲ. ಆ ದಾರ ಮಾತ್ರ ಅಜ್ಜಿಯ ಎಲೆಅಡಿಕೆ ಚೀಲದಲ್ಲಿ ಸಿಕ್ಕಿತು. ಒಂದು ತುದಿಯಲ್ಲಿ ಬೂದಕ್ಕನ ಕಾಲಿಗೆ ಹಾಕುತ್ತಿದ್ದ ಕುಣಿಕೆ ಹಾಗೇ ಇದೆ. ಅದು ಈಗ ನನ್ನ ಬೀರುವಿನಲ್ಲಿದೆ.

ಈ ದೀಪಾವಳಿಗೆ ಮೊಮ್ಮಗಳು ಪಟಾಕಿ ಹಚ್ಚಿ ಒಳಗೆ ಓಡಿಬಂದಳು. ಅಂಗೈ ಕಪ್ಪಾಗಿತ್ತು. "ಹೊಸಿಲು ದಾಟಬೇಡ, ಕೈ ತೊಳ್ಕೊಂಡು ಬಾ" ಎಂದು ಕೂಗಿದೆ. ಯಾಕೆ ಎಂದು ಕೇಳಿದಳು. ಒಳಗೆ ಯಾವ ಹುಳುವೂ ಇರಲಿಲ್ಲ. ನಾನೇ ಎದ್ದು ಹೋಗಿ ಚೆಂಬಿನಲ್ಲಿ ನೀರು ತಂದು ಆ ಪುಟ್ಟ ಕೈಗಳನ್ನು ತೊಳೆದೆ, ಉಗುರಿನ ಸಂದಿಯ ಕರಿ ಹೋಗುವವರೆಗೂ.