ಕೆಳಗಿನಿಂದ ನೋಡಿರದ ಚಾವಣಿ

ಓಣಿಯಲ್ಲಿ ಎಲ್ಲರೂ ಆತನನ್ನು ಕರೆಯುವುದು ಅರಮನೆ ಅಜ್ಜ ಎಂದೇ. ಹಾಗಂತ ಯಾವ ರಾಜನ ಮೊಮ್ಮಗನೂ ಅಲ್ಲ. ಇರುವುದು ಎರಡು ಕೋಣೆಯ ಬಾಡಿಗೆ ಮನೆ, ಅದರ ಅಡುಗೆಮನೆ ಗೋಡೆಯ ಗಿಲಾವು ಚಕ್ಕೆ ಚಕ್ಕೆಯಾಗಿ ಉದುರುತ್ತಿದೆ. ಗಾರೆ ಕೆಲಸದವನ ಮನೆ ಗೋಡೆ ಯಾವ ಕಾಲಕ್ಕೆ ನೆಟ್ಟಗಿತ್ತು ಹೇಳಿ! ಐವತ್ತು ವರ್ಷ ಕರಣೆ ಹಿಡಿದು ಊರಿನ ಅರ್ಧ ಗೋಡೆಗಳಿಗೆ ಗಾರೆ ಬಳಿದ ಮನುಷ್ಯ ಬಾಯಿ ಬಿಟ್ಟರೆ ಮಾತಾಡುತ್ತಿದ್ದದ್ದು ಮಾತ್ರ ಒಂದೇ ಕೆಲಸದ ಬಗ್ಗೆ. ಹರೆಯದಲ್ಲಿ ಎಂಟು ತಿಂಗಳು ಯಾವುದೋ ಗುಡ್ಡದ ಮೇಲಿನ ಅರಮನೆಯಲ್ಲಿದ್ದುಕೊಂಡು ಚಾವಣಿಗೆ ಸುಣ್ಣದ ಗಾರೆಯಲ್ಲಿ ಹೂವು ಮಾಡಿದ್ದನಂತೆ. ಕೇಳಿ ಕೇಳಿ ಓಣಿಯವರ ಕಿವಿ ತೂತು ಬಿದ್ದಿತ್ತು.

ಆ ಎಂಟು ತಿಂಗಳಲ್ಲೇ ಅಜ್ಜಿಗೆ ಚೊಚ್ಚಲ ಹೆರಿಗೆಯಾದದ್ದು. ಎರಡು ಹಗಲು, ಎರಡು ರಾತ್ರಿ ನೋವು ತಿಂದಳು. ಪಕ್ಕದ ಮನೆಯಾಕೆ ಕೈ ಹಿಡಿದು ಕೂತಿದ್ದಳು, ಗಂಡನ ಪತ್ತೆಯಿಲ್ಲ. ಅಜ್ಜ ಮನೆಗೆ ಬರುವ ಹೊತ್ತಿಗೆ ಮಗಳು ಬೋರಲು ಬೀಳುತ್ತಿದ್ದಳು. ಅಂದಿನಿಂದ ಇಂದಿನವರೆಗೆ ಆ ಮನೆಯಲ್ಲಿ ಉಪ್ಪು ಹೆಚ್ಚಾಯಿತೆಂದು ಜಗಳ ಶುರುವಾದರೂ ಅದು ಹೋಗಿ ನಿಲ್ಲುವುದು ಆ ಹೆರಿಗೆಯಲ್ಲೇ.

"ಸಾಯ್ತಾ ಬಿದ್ದಿದ್ದೆ, ತಿರುಗಿ ನೋಡೋಕೆ ಬರಲಿಲ್ಲ ನೀವು."

"ಅರಮನೆ ಕೆಲಸ ಅಂದ್ರೆ ತಮಾಷೆನಾ? ಅರ್ಧಕ್ಕೆ ಬಿಟ್ಟು ಬರೋಕಾಗುತ್ತಾ?"

ಅಜ್ಜಿಗೆ ಬೇಕಾಗಿದ್ದ ಉತ್ತರ ಇದಾಗಿರಲಿಲ್ಲ. ಅಜ್ಜನಿಗೂ ಹೆಂಡತಿಯ ಬಾಯಿಂದ ಒಂದು ಮಾತು ಬೇಕಾಗಿತ್ತು, ಒಳ್ಳೆ ಕೆಲಸ ಮಾಡಿದ್ದೀರಿ ಎಂಬುದು. ಅದನ್ನು ಅವಳು ಹೇಳಲಿಲ್ಲ. ಕಾಣದ ಹೂವನ್ನು ಹೊಗಳಲು ಅವಳಿಗೇನು ಹುಚ್ಚೇ? ಹೀಗೆ ನಲವತ್ತಮೂರು ವರ್ಷ ಕಳೆಯಿತು. ಹೋದ ತಿಂಗಳ ಜಗಳದಲ್ಲಿ ಮಾತ್ರ ಅಜ್ಜಿ ಒಂದು ಹೆಜ್ಜೆ ಮುಂದೆ ಹೋಗಿ, "ಆ ಅರಮನೆ ಅನ್ನೋದು ಇದೆಯಾ ಅಂತ! ಎಲ್ಲಿ ತಿರುಗಾಡ್ಕೊಂಡಿದ್ರೋ ಯಾರಿಗೆ ಗೊತ್ತು" ಎಂದುಬಿಟ್ಟಳು. ಅಜ್ಜ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಅದನ್ನು ನೋಡಲಾರದೆ ಮಗಳು ಪ್ರವಾಸದ ಎರಡು ಟಿಕೆಟ್ ತಂದು ಮೇಜಿನ ಮೇಲಿಟ್ಟಳು. "ಒಂದೇ ದಿನದಲ್ಲಿ ಮೂರು ಗುಡ್ಡ ತೋರಿಸ್ತಾರಂತೆ. ಹೋಗಿ ನಿಮ್ಮ ಅರಮನೆ ಹುಡುಕ್ಕೊಂಡು ಬನ್ನಿ. ನನಗಂತೂ ಈ ಪಂಚಾಯ್ತಿ ಸಾಕಾಗಿದೆ."

ಟಿಕೆಟ್ ನೋಡಿ ಅಜ್ಜ ಪೇಚಿಗೆ ಬಿದ್ದ. ಯಾಕೆಂದರೆ ಆತನಿಗೆ ಅರಮನೆಯ ಹೆಸರೇ ಗೊತ್ತಿರಲಿಲ್ಲ! ಗುತ್ತಿಗೆದಾರನ ಲಾರಿಯಲ್ಲಿ, ಸುಣ್ಣದ ಚೀಲಗಳ ನಡುವೆ, ಟಾರ್ಪಾಲಿನ ಅಡಿ ಕೂತು ಹೋದದ್ದು ಅವರ ತಂಡ. ಹಿಂಬಾಗಿಲಿನಿಂದ ಒಳಗೆ ಹೋಗಿ ನೇರ ಬೊಂಬಿನ ಸಾರುವೆ ಹತ್ತಿದರೆ ಹಲಗೆಯ ಮೇಲೆ ಅಂಗಾತ ಮಲಗಿ ದಿನವಿಡೀ ಕೆಲಸ. ಚಾವಣಿ ಮೂಗಿನಿಂದ ಒಂದೂವರೆ ಅಡಿ ದೂರ. ಸಂಜೆ ಇಳಿದರೆ ಹಿತ್ತಲ ಶೆಡ್ಡಿನಲ್ಲಿ ನಿದ್ದೆ. ಸಾರುವೆ ಬಿಚ್ಚುವ ಮೊದಲೇ ಇಡೀ ತಂಡವನ್ನು ಬೇರೆ ಊರಿನ ಆಸ್ಪತ್ರೆ ಕಟ್ಟಡಕ್ಕೆ ಸಾಗಿಸಿದ್ದರು. ಹಾಗಾಗಿ ಅಜ್ಜ ತನ್ನ ಚಾವಣಿಯನ್ನು ಕೆಳಗೆ ನಿಂತು ನೋಡಿಯೇ ಇರಲಿಲ್ಲ.

ಇನ್ನೂ ಒಂದು ಗುಟ್ಟಿತ್ತು. ಆತನ ನೆನಪಿನಲ್ಲಿ ಆ ಹೂಗಳು ಅಷ್ಟೇನೂ ಚಂದವಿರಲಿಲ್ಲ. ಎಮ್ಮೆ ಕಿವಿಯಂಥ ದಪ್ಪ ದಪ್ಪ ಎಸಳು, ಬೆರಳು ಹೋಗುವಷ್ಟು ಆಳದ ಗೀರು. ನಯ ಮಾಡಲು ಹೋದರೆ ಮೇಸ್ತ್ರಿ ಬೈಯುತ್ತಿದ್ದ. ಅಷ್ಟು ಒರಟು ಕೆಲಸ ಯಾಕೆ ಮಾಡಿಸಿದನೆಂದು ಅಜ್ಜನಿಗೆ ಈವರೆಗೂ ತಿಳಿದಿರಲಿಲ್ಲ. ಕೊಚ್ಚಿಕೊಳ್ಳುವಾಗ ಇದನ್ನೆಲ್ಲ ಯಾರಾದರೂ ಹೇಳುತ್ತಾರೆಯೇ? ಅಜ್ಜನೂ ಹೇಳಿರಲಿಲ್ಲ.

ಬಸ್ಸಿನಲ್ಲಿ ಗೈಡಮ್ಮನೊಬ್ಬಳು ಹಳದಿ ಕೊಡೆ ಹಿಡಿದು ಮೈಕಿನಲ್ಲಿ ಶುರುಮಾಡಿದಳು. ಎರಡನೇ ದೊರೆ, ಅವನ ತಮ್ಮ ಮೂರನೇ ದೊರೆ, ಆಮೇಲೆ ಮತ್ತೆ ಎರಡನೇ ದೊರೆಯ ಮಗ ಮೊದಲನೇ ದೊರೆ. ಅಜ್ಜನಿಗೆ ತಲೆಬುಡ ತಿಳಿಯಲಿಲ್ಲ. ಆತ ಕಿಟಕಿಯಾಚೆ ಒಂದೊಂದು ತಿರುವನ್ನೂ ನೋಡುತ್ತ, ಈ ದಾರಿಯಲ್ಲಿ ಬಂದಿದ್ದೆನೇ, ಇಲ್ಲವೇ ಎಂದು ಒದ್ದಾಡುತ್ತಿದ್ದ. ಟಾರ್ಪಾಲಿನ ಅಡಿಯಿಂದ ತಿರುವು ಕಂಡಿದ್ದರಲ್ಲವೇ ಗುರುತು ಸಿಗುವುದು!

"ಏನ್ರೀ, ನೆನಪಾಯ್ತಾ?" ಎಂದಳು ಅಜ್ಜಿ.

"ಸ್ವಲ್ಪ ಸುಮ್ನಿರೇ. ಆಗ್ತಾ ಇದೆ."

ಮೊದಲನೆಯದು ಕೋಟೆ. ಮುನ್ನೂರ ಹನ್ನೆರಡು ಮೆಟ್ಟಿಲು ಹತ್ತಿ, ಅಜ್ಜಿಯ ಮಂಡಿ ಹಿಡಿದುಕೊಂಡು, ಮೇಲೆ ಹೋಗಿ ನೋಡಿದರೆ ಬರೀ ಗೋಡೆ, ಮೇಲೆ ಆಕಾಶ. ಚಾವಣಿ ಇನ್ನೂರು ವರ್ಷದ ಹಿಂದೆಯೇ ಬಿದ್ದು ಹೋಗಿದೆಯಂತೆ. ಅಜ್ಜ ಬೆಪ್ಪನಂತೆ ಮೇಲೆ ನೋಡುತ್ತ ನಿಂತ. ಆಮೇಲೆ ಹಳದಿ ಕೊಡೆಯ ಬೆನ್ನು ಹತ್ತಿ ಸಾಕಷ್ಟು ದೂರ ನಡೆದ ಮೇಲೆ ಗೊತ್ತಾಯಿತು, ಅದು ಬೇರೆ ಬಸ್ಸಿನ ಹಳದಿ ಕೊಡೆ. ಅಜ್ಜಿ ಕೋಟೆ ಬಾಗಿಲಿನಿಂದ, "ರೀ! ಅತ್ಲಾಗೆಲ್ಲಿ ಹೊರಟ್ರಿ? ನಿಮ್ಮನ್ನ ಹುಡುಕೋಕೆ ಇನ್ನೊಂದು ಬಸ್ ಮಾಡ್ಲಾ?" ಎಂದು ಕೂಗಿದ್ದನ್ನು ಎರಡೂ ಗುಂಪಿನವರು ಕೇಳಿ ನಕ್ಕರು.

ಎರಡನೆಯ ಗುಡ್ಡದ ಮೇಲಿದ್ದದ್ದು ಅರಮನೆ. ಕಂಬ ನೋಡಿದ, ನೆನಪಾಗಲಿಲ್ಲ. ಮೆಟ್ಟಿಲು ನೋಡಿದ, ಆಗಲಿಲ್ಲ. ಆದರೆ ಊಟದ ಕೋಣೆಗೆ ಕಾಲಿಟ್ಟವನೇ ಅಲ್ಲೇ ನಿಂತುಬಿಟ್ಟ. ಅಲ್ಲಿ ಚಾವಣಿ ತಗ್ಗು, ಉದ್ದನೆಯವನು ಕೈ ಚಾಚಿದರೆ ಮುಟ್ಟುವಷ್ಟು. ಅದರ ತುಂಬ ಹೂವು. ಎಮ್ಮೆ ಕಿವಿಯಂಥ ದಪ್ಪ ಎಸಳು, ಆಳದ ಗೀರು, ಒರಟೊರಟು. ನೆನಪಿನಲ್ಲಿ ಇದ್ದಂತೆಯೇ, ಒಂದೂವರೆ ಅಡಿ ದೂರದಿಂದ ಕಂಡಂತೆಯೇ!

"ಈ ಚಾವಣಿ ನಲವತ್ತು ವರ್ಷದ ಹಿಂದೆ ರಿಪೇರಿ ಆಗಿರೋದು," ಎಂದಳು ಗೈಡಮ್ಮ. "ಕೆಲಸ ಅಷ್ಟು ಚೆನ್ನಾಗಿ ಬಂದಿಲ್ಲ. ಯಾರೋ ಕೈ ಪಳಗದವರು ಮಾಡಿರ್ಬೇಕು. ಬನ್ನಿ, ಮುಂದೆ ಬನ್ನಿ."

ಗುಂಪು ಮುಂದೆ ಹೋಯಿತು. ಅಜ್ಜ ಹೋಗಲಿಲ್ಲ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಮೂರನೆಯ ಗುಡ್ಡದಲ್ಲಿ ಚಂದದ್ದೊಂದನ್ನು ತೋರಿಸಿ ಇದೇ ನನ್ನದು ಎನ್ನಬಹುದಿತ್ತು. ಆದರೆ ಆತ ಕೊಚ್ಚಿಕೊಳ್ಳುವವನೇ ಹೊರತು ಸುಳ್ಳನಲ್ಲ.

"ಇದೇ ಕಣೇ," ಎಂದ, ನೆಲ ನೋಡುತ್ತ.

ಅಜ್ಜಿ ಕನ್ನಡಕ ಹಾಕಿಕೊಂಡು ಮೇಲೆ ನೋಡಿದಳು. ಬಹಳ ಹೊತ್ತು ನೋಡಿದಳು. ಅವಳು ನಗಬಹುದು, ಬೈಯಬಹುದು ಎಂದುಕೊಂಡಿದ್ದ ಅಜ್ಜ. ಅವಳು ಎರಡೂ ಮಾಡಲಿಲ್ಲ.

"ಇದಕ್ಕಾ?" ಎಂದಳು. "ಇದಕ್ಕಾ ನನ್ನನ್ನ ಒಬ್ಬಳನ್ನೇ ಬಿಟ್ಟು ಹೋಗಿದ್ದು?"

ಅಜ್ಜ ನಾಚಿಕೆಯಿಂದ ತಲೆತಗ್ಗಿಸಿ ಹೊರಗೆ ನಡೆದ. ಮಧ್ಯಾಹ್ನ ಮರದ ಕೆಳಗೆ ಕೂತು ಮನೆಯಿಂದ ತಂದ ಬುತ್ತಿ ಬಿಚ್ಚಿದರು. ಅಜ್ಜಿ ಬಡಿಸಿದಳು, ತಿಂದಳು. ಅವಳು ಜಗಳವಾಡದೆ ಕೂತದ್ದು ಕಂಡು ಅಜ್ಜನಿಗೆ ನಿಜಕ್ಕೂ ಹೆದರಿಕೆಯಾಯಿತು. ಆ ಹಾಳು ಹೂವಿನ ಬಗ್ಗೆ ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತು ಎಂದು ತನ್ನನ್ನೇ ಬೈದುಕೊಂಡ.

ಮೂರನೆಯ ಗುಡ್ಡಕ್ಕೆ ಅಜ್ಜ ಹೋದದ್ದು ಬಸ್ಸು ಹೋಯಿತೆಂಬ ಕಾರಣಕ್ಕೆ ಅಷ್ಟೇ. ಅಲ್ಲಿಯ ಅರಮನೆ ಮೂರರಲ್ಲೂ ದೊಡ್ಡದು. "ಇದು ಮುನ್ನೂರು ವರ್ಷ ಹಳೆಯ ದರ್ಬಾರ್ ಹಾಲ್" ಎಂದು ಗೈಡಮ್ಮ ಬಾಗಿಲು ತಳ್ಳಿದಳು. ಗುಂಪಿನವರೆಲ್ಲ ಒಟ್ಟಿಗೆ ಆಹಾ ಎಂದರು. ಅಜ್ಜ ಮನಸ್ಸಿಲ್ಲದ ಮನಸ್ಸಿನಿಂದ ತಲೆಯೆತ್ತಿದ. ನಲವತ್ತು ಅಡಿ ಮೇಲೆ, ಬಿಳಿ ಚಾವಣಿಯ ತುಂಬ ಬಳ್ಳಿ. ಬಳ್ಳಿಯ ತುದಿತುದಿಗೆ ಹೂವು, ಒಂದೊಂದು ಎಸಳೂ ಈಗಷ್ಟೇ ಬಿಚ್ಚಿಕೊಂಡಂತೆ ತೆಳ್ಳಗೆ, ಹಗುರಾಗಿ. ಕಿಟಕಿಯ ಬೆಳಕು ಓರೆಯಾಗಿ ಬಿದ್ದು ಎಸಳಿನ ಅಂಚು ಎದ್ದು ಕಾಣುತ್ತಿತ್ತು.

ಅಜ್ಜ ನಾಚಿಕೆಯನ್ನು ಮರೆತ. ಕೆಲಸದವನ ಕಣ್ಣು ನೋಡಿ, ಅದು ಸುಮ್ಮನಿರುವುದಿಲ್ಲ. "ನೋಡೇ, ಕೆಲಸ ಅಂದ್ರೆ ಇದು!" ಎಂದು ಹೆಂಡತಿಯ ತೋಳು ಹಿಡಿದ. "ಆ ಬಳ್ಳಿ ತಿರುವು ನೋಡು, ಎಲ್ಲೂ ಕೈ ನಿಂತಿಲ್ಲ. ಆ ಕಾಲದ ಕೈಗಳೇ ಬೇರೆ. ನಾವೆಲ್ಲ ಗೋಡೆ ಬಳಿಯೋಕೆ ಸರಿ ಬಿಡು."

ಅಜ್ಜಿ ಮೇಲೆ ನೋಡಿ, "ಹೌದು, ಚೆನ್ನಾಗಿದೆ. ತುಂಬಾ ಚೆನ್ನಾಗಿದೆ" ಎಂದಳು. ಬೆಳಗಿನಿಂದ ಅವಳು ಹೊಗಳಿದ್ದು ಇದೊಂದನ್ನೇ. ಅಜ್ಜನಿಗೆ ಯಾರೋ ಸತ್ತು ಮಣ್ಣಾದ ಕೆಲಸಗಾರನ ಮೇಲೆ ಹೊಟ್ಟೆಕಿಚ್ಚಾಯಿತು.

ಹೊರಗೆ ಹೋಗುವ ಕಾರಿಡಾರಿನಲ್ಲಿ ಹಳೆಯ ಫೋಟೋಗಳನ್ನು ನೇತುಹಾಕಿದ್ದರು. ಗುಂಪು ಶೌಚಾಲಯದ ಕಡೆ ನುಗ್ಗಿತು. ಅಜ್ಜಿ ಮಂಡಿಗೆ ವಿಶ್ರಾಂತಿ ಕೊಡಲು ಒಂದು ಫೋಟೋದ ಮುಂದೆ ನಿಂತಳು. ಅದೇ ದರ್ಬಾರ್ ಹಾಲ್. ಆದರೆ ಮೇಲೆ ಒಂದೂ ಹೂವಿಲ್ಲ, ಬಳ್ಳಿಯಿಲ್ಲ. ಬರೀ ಮರದ ಪಟ್ಟಿಗಳು, ಪಕ್ಕೆಲುಬಿನ ಹಾಗೆ. ಕೆಳಗೆ ಸಾರುವೆ ಕಟ್ಟಿದ್ದರು. ಒಂದು ಹಲಗೆಯ ತುದಿಯಿಂದ ಮಲಗಿದವನ ಎರಡು ಪಾದ ಹೊರಗೆ ಚಾಚಿದ್ದವು. ಕೆಳಗೆ ಬರೆದಿತ್ತು: ಚಾವಣಿ ಪೂರ್ತಿ ಕುಸಿದಿತ್ತು, ಹೂವುಗಳನ್ನೆಲ್ಲ ಹೊಸದಾಗಿ ಕೈಯಲ್ಲೇ ಮಾಡಲಾಯಿತು, ಕೆಲಸಗಾರರ ಹೆಸರು ತಿಳಿದಿಲ್ಲ. ಇಸವಿಯೂ ಇತ್ತು. ಅದು ಮಗಳು ಹುಟ್ಟಿದ ವರ್ಷ.

ಅಜ್ಜಿ ಮೂಗನ್ನು ಗಾಜಿಗೆ ತಾಗಿಸಿದಳು. "ರೀ, ಬನ್ನಿ ಇಲ್ಲಿ. ಇದು ನಿಮ್ಮ ಕಾಲು."

"ಯಾವ ಕಾಲು?"

"ಈ ಕಾಲು! ಹೆಬ್ಬೆರಳ ಮೇಲೆ ಪಕ್ಕದ ಬೆರಳು ಹತ್ತಿ ಕೂತಿದೆ ನೋಡಿ, ಎರಡೂ ಕಾಲಲ್ಲಿ. ಆ ಬೆರಳು ತೂತು ಮಾಡಿದ ಕಾಲುಚೀಲ ಎಷ್ಟು ಹೊಲಿದಿದ್ದೀನಿ ನಾನು. ನನಗೆ ಗೊತ್ತಾಗಲ್ವಾ?"

ಅಜ್ಜ ಫೋಟೋ ನೋಡಿದ, ಚಪ್ಪಲಿ ಬಿಟ್ಟು ತನ್ನ ಕಾಲು ನೋಡಿಕೊಂಡ, ಮತ್ತೆ ಫೋಟೋ ನೋಡಿದ. "ಅಲ್ಲ ಕಣೇ, ನಂದು ಅಲ್ಲಿತ್ತಲ್ಲ, ಊಟದ ಕೋಣೇಲಿ. ನಾನು ಮಾಡಿದ್ದು ದಪ್ಪ ಹೂವು. ಇದು ನೋಡು, ಎಷ್ಟು ತೆಳ್ಳಗಿದೆ."

"ಕಾಲು ನಿಮ್ದು, ಹೂವು ಇನ್ಯಾರದ್ದೋ? ಕೈಗೆ ಸಿಗೋ ಆ ಚಾವಣಿಗೆ ಸಾರುವೆ ಕಟ್ತಾರಾ? ಯಾರದೋ ಪಾಪ ತಲೆ ಮೇಲೆ ಹೊತ್ಕೊಂಡು ಬಂದಿದ್ದೀರಲ್ಲ, ನಿಮ್ಮಂಥ ಪೆದ್ದು ಎಲ್ಲಿದ್ದಾರ್ರೀ! ನಡೀರಿ ವಾಪಸ್."

ವಾಪಸ್ ಹೋಗುವ ಹಾಗಿರಲಿಲ್ಲ. ಒಳಗೆ ಬರುವ ಬಾಗಿಲೇ ಬೇರೆ, ಹೊರಗೆ ಹೋಗುವ ಬಾಗಿಲೇ ಬೇರೆ. ಕಾವಲಿನವನು ಕೈ ಅಡ್ಡ ಹಿಡಿದ. ಅತ್ತ ಗೈಡಮ್ಮ ಕೊಡೆ ಬೀಸುತ್ತ, "ಅಜ್ಜಾ, ಅಮ್ಮಾ, ಬಸ್ ಹೊರಡ್ತಾ ಇದೆ" ಎಂದು ಓಡಿ ಬಂದಳು.

"ಬಸ್ ನಿಲ್ಲಲಿ ತಾಯಿ, ಹತ್ತು ನಿಮಿಷ," ಎಂದಳು ಅಜ್ಜಿ. "ಈ ಚಾವಣಿ ಮಾಡಿದವರು ಇವರು. ಅದನ್ನ ಕೆಳಗಿಂದ ನೋಡೇ ಇಲ್ಲ." ಕಾವಲಿನವನು ಗೈಡಮ್ಮನ ಮುಖ ನೋಡಿದ, ಗೈಡಮ್ಮ ಫೋಟೋದತ್ತ ನೋಡಿದಳು, ಆಮೇಲೆ ಅಜ್ಜನ ಬರಿಗಾಲನ್ನು ನೋಡಿದಳು. ಕಾವಲಿನವನು ಕೈ ಇಳಿಸಿದ.

ಹಾಲ್‌ನ ಮಧ್ಯಕ್ಕೆ ಬಂದು ಅಜ್ಜ ನೆಲದ ಮೇಲೆ ಅಂಗಾತ ಮಲಗಿದ. ಚಾವಣಿ ಕೆಲಸದವನಿಗೆ ನಿಂತು ನೋಡಿದರೆ ತಿಳಿಯುವುದಿಲ್ಲ. ಮಲಗಿದ ಮೇಲೆ ಒಂದೊಂದೇ ಕಾಣಿಸತೊಡಗಿತು. ಬೆರಳು ಹೋಗುವಷ್ಟು ಆಳದ ಗೀರು ನಲವತ್ತು ಅಡಿ ಕೆಳಗಿನಿಂದ ಕೂದಲೆಳೆಯಷ್ಟು ನೆರಳಾಗಿತ್ತು. ದಪ್ಪ ಎಸಳು ತೆಳ್ಳಗಾಗಿತ್ತು. ನಯ ಮಾಡಿದ್ದರೆ ಇಲ್ಲಿಗೆ ಏನೂ ಕಾಣುತ್ತಲೇ ಇರಲಿಲ್ಲ. ಮೇಸ್ತ್ರಿ ಸುಮ್ಮನೆ ಬೈದಿರಲಿಲ್ಲ. ಅಜ್ಜನ ಕಣ್ಣಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು.

ಅಜ್ಜಿ ಮಂಡಿ ಹಿಡಿದುಕೊಂಡು ಕಷ್ಟಪಟ್ಟು ಪಕ್ಕದಲ್ಲಿ ಕೂತಳು.

"ನಾನೇನಾ ಮಾಡಿದ್ದು?" ಎಂದ ಅಜ್ಜ. "ನನಗೆ ನಂಬಿಕೆನೇ ಬರ್ತಿಲ್ಲ."

"ನೀವೇ ರೀ. ಒಳ್ಳೆ ಕೆಲಸ ಮಾಡಿದ್ದೀರಿ."

ನಲವತ್ತಮೂರು ವರ್ಷ ಕಾದ ಮಾತು ಅದು. ಈಗ ತನ್ನ ಕೈ ಮೇಲಾಯಿತು, ಇನ್ನು ಯಾವ ಜಗಳದಲ್ಲೂ ಸೋಲುವ ಹಾಗಿಲ್ಲ. ಇಷ್ಟು ದೊಡ್ಡ ಕೆಲಸವನ್ನು ಅರ್ಧಕ್ಕೆ ಬಿಟ್ಟು ಬರೋಕಾಗುತ್ತಾ ಎಂದು ಈಗ ಎದೆ ತಟ್ಟಿ ಕೇಳಬಹುದು. ಅಜ್ಜ ಬಾಯಿ ತೆರೆದ. ಮೇಲಿನ ಹೂಗಳನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನೋಡಿದ. ಎಲ್ಲವೂ ಅಲ್ಲೇ ಇದ್ದವು. ಮನೆಗೆ ಹೋಗಿ ಬಂದು ಕೆಲಸ ಒಂದು ವಾರ ತಡವಾಗಿದ್ದರೂ ಅಲ್ಲೇ ಇರುತ್ತಿದ್ದವು.

"ಹೆರಿಗೆ ಹೊತ್ತಿಗೆ ನಾನು ಮನೆಗೆ ಬರಬೇಕಿತ್ತು ಕಣೇ," ಎಂದ.

ಅಜ್ಜಿ ಅವನ ಕಡೆ ತಿರುಗಲಿಲ್ಲ. ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತ, "ಹೂಂ, ಬರಬೇಕಿತ್ತು" ಎಂದಳು.